ಗಟ್ಟಿಮೇಳಕ್ಕೆ ಮುಂಚೆ ಫೈವ್ ಸಿಕ್ಸ್ ಸೆವೆನ್ ಎಯ್ಟ್

ಜಾತಕ ಕೂಡಿಬಂತು. ಛತ್ರ ಸಿಕ್ಕಿತು. ಅಡುಗೆಯವರಿಗೆ ಅಡ್ವಾನ್ಸ್ ಹೋಯಿತು. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟದ್ದೂ ಆಯಿತು. ಆದರೂ ಮದುವೆ ನಿಕ್ಕಿ ಅನ್ನುವ ಧೈರ್ಯ ಯಾರಿಗೂ ಇಲ್ಲ. ಯಾಕೆಂದರೆ ಆರತಕ್ಷತೆಯ ದಿನ ಹುಡುಗನ ಸೋದರಮಾವಂದಿರು ಯಾವ ಹಾಡಿಗೆ ಕುಣಿಯಬೇಕು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ.

ಹಿಂದೆ ಬೀಗರು ಮುನಿಸಿಕೊಳ್ಳೋದಕ್ಕೆ ಕಾರಣಗಳು ಬೇರೆ ಇದ್ದವು. ಕಾಫಿ ತಣ್ಣಗಿತ್ತು. ಬಸ್ಸು ಇಳಿದಾಗ ಬಾಗಿಲಲ್ಲಿ ಯಾರೂ ಎದುರುಗೊಳ್ಳಲಿಲ್ಲ. ಕೊನೇ ಪಂಕ್ತಿಗೆ ಹೋಳಿಗೆ ಮುಗಿದಿತ್ತು. ಈಗ ಅದೆಲ್ಲ ಚಿಲ್ಲರೆ ವಿಷಯ. ಈಗಿನ ದೂರು ಹೀಗಿರುತ್ತದೆ: ‘ಅವರ ಕಡೆಗೆ ಐದು ಹಾಡು, ನಮ್ಮ ಕಡೆಗೆ ಬರೀ ಮೂರಾ? ನಾವೇನು ಕುಣಿಯೋಕೆ ಬಾರದವರಾ?’

ಇದಕ್ಕೊಂದು ವಾಟ್ಸ್ಆ್ಯಪ್ ಗುಂಪು ಇರುತ್ತದೆ. ಹೆಸರು ‘ಫ್ಯಾಮಿಲಿ ಡ್ಯಾನ್ಸ್ ಅಫಿಷಿಯಲ್’. ಅಫಿಷಿಯಲ್ ಅಂತ ಯಾಕೆ ಅಂದರೆ, ಅತ್ತೆಯನ್ನು ಬಿಟ್ಟು ಇನ್ನೊಂದು ಗುಂಪು ಅದರ ಪಕ್ಕದಲ್ಲೇ ನಡೆಯುತ್ತಿರುತ್ತದೆ. ಅಸಲಿ ತೀರ್ಮಾನಗಳು ಅಲ್ಲಿ. ಅಫಿಷಿಯಲ್ ಗುಂಪಿನಲ್ಲಿ ಬರೀ ಚರ್ಚೆ. ದೊಡ್ಡಪ್ಪ ಗುಲಾಬಿ ಹೂವಿನ ಶುಭೋದಯದ ಜೊತೆ ಒಂದು ಭಾವಗೀತೆ ಕಳಿಸಿ, ‘ಬಹಳ ಅರ್ಥಗರ್ಭಿತವಾಗಿದೆ, ಪರಿಶೀಲಿಸಿ’ ಅಂತ ಬರೆಯುತ್ತಾರೆ. ಎಲ್ಲರೂ ಕೈಮುಗಿಯುವ ಇಮೋಜಿ ಹಾಕುತ್ತಾರೆ. ಯಾರೂ ಕೇಳಿಲ್ಲ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಂತರ ಭಾಷೆಯ ಪ್ರಶ್ನೆ. ಪಟ್ಟಿಯಲ್ಲಿ ಹಿಂದಿ ಇದೆ, ಪಂಜಾಬಿ ಇದೆ, ತೆಲುಗು ಇದೆ, ತಮಿಳಿನ ಒಂದು ಕುತ್ತು ಹಾಡಿದೆ. ಕೊನೆಗೆ ಹುಡುಗಿಯ ಅಪ್ಪ ಮೆಲ್ಲಗೆ, ‘ಒಂದಾದರೂ ಕನ್ನಡ ಇರಲಪ್ಪ’ ಅನ್ನುತ್ತಾರೆ. ಗುಂಪು ಗಂಭೀರವಾಗುತ್ತದೆ. ನವೆಂಬರ್ ತಿಂಗಳಿಡೀ ಕೆಂಪು ಹಳದಿ ಬಾವುಟವನ್ನು ಡಿಪಿ ಮಾಡಿಕೊಂಡವರೇ ಎಲ್ಲರೂ. ಇಲ್ಲ ಅನ್ನುವ ಹಾಗಿಲ್ಲ. ಹಾಗಾಗಿ ಒಂದು ಮ್ಯಾಶಪ್ಪಿನ ನಡುವೆ ಕನ್ನಡಕ್ಕೆ 40 ಸೆಕೆಂಡ್ ಮೀಸಲಾತಿ ಸಿಗುತ್ತದೆ. ಅದನ್ನು ಕುಣಿಯುವ ಜವಾಬ್ದಾರಿ ಅರವತ್ತು ದಾಟಿದವರಿಗೆ. ಇಂಗ್ಲಿಷ್ ಹಾಡಿಗೆ ಮಾತ್ರ ಈ ಕಷ್ಟ ಇಲ್ಲ. ಅದನ್ನು ಯಾರೂ ಭಾಷೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆಮೇಲೆ ಬರುತ್ತಾನೆ ಕೊರಿಯೋಗ್ರಾಫರ್. ಇಪ್ಪತ್ತನಾಲ್ಕರ ಹುಡುಗ, ಕಿವಿಯಲ್ಲಿ ಓಲೆ, ಕೈಯಲ್ಲಿ ಸಣ್ಣದೊಂದು ಸ್ಪೀಕರ್. ಸೋಫಾ, ಟೀಪಾಯಿ ಎಲ್ಲ ಗೋಡೆಗೆ ತಳ್ಳಿ ಜಾಗ ಮಾಡಿಕೊಡಬೇಕು. ಅವನ ಕೆಲಸ ಸುಲಭದ್ದಲ್ಲ, ಪಾಪ. ಎದುರಿಗೆ ನಿಂತಿರುವುದು ಮಂಡಿನೋವಿನ ಸೋದರತ್ತೆ, ಸ್ಟೆಂಟ್ ಹಾಕಿಸಿಕೊಂಡ ಚಿಕ್ಕಪ್ಪ, ಎಡ ಯಾವುದು ಬಲ ಯಾವುದು ಅಂತ ಇನ್ನೂ ಗೊಂದಲದಲ್ಲಿರುವ ಭಾವ. ಹೆಂಗಸರಿಗೆ ಅರ್ಥವಾಗಲಿ ಅಂತ ಅವನು ಅಡುಗೆಮನೆ ಭಾಷೆಯಲ್ಲೇ ಹೇಳಿಕೊಡುತ್ತಾನೆ. ‘ಆಂಟಿ, ಮೊದಲು ಚಪಾತಿ ಲಟ್ಟಿಸಿ. ಈಗ ಒಗ್ಗರಣೆ. ಈಗ ಬಟ್ಟೆ ಒಗೀರಿ, ಹಿಂಡಿ, ಹಿಂಡಿ, ಒಣಗಿಸಿ. ಸ್ಮೈಲ್!’ ಸೋದರತ್ತೆ ಸೊಂಟಕ್ಕೆ ಕೈಯಿಟ್ಟು ಕೇಳಿದರು: ‘ಇಷ್ಟು ವರ್ಷ ಮನೇಲಿ ಮಾಡಿದ್ದು ಸಾಲದು ಅಂತ ಸ್ಟೇಜ್ ಮೇಲೂ ಮಾಡಬೇಕೇನಪ್ಪ? ನಿಮ್ಮ ಅಂಕಲ್‌ಗೆ ಕೊಡು ಈ ಸ್ಟೆಪ್ಪು. ಅವರಿಗೆ ಹೊಸದು.’

ಸ್ಟೆಪ್ಪಿಗಿಂತ ದೊಡ್ಡ ತಲೆನೋವು ಸಾಲಿನದು. ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕು? ಇದು ಸಚಿವ ಸಂಪುಟ ವಿಸ್ತರಣೆ ಇದ್ದ ಹಾಗೆ. ಚೆನ್ನಾಗಿ ಕುಣಿಯುವವರಿಗೆ ಮುಂದಿನ ಸಾಲು ಅಂದುಕೊಂಡರೆ ನೀವು ಈ ರಾಜ್ಯಕ್ಕೆ ಹೊಸಬರು. ಮುಂದಿನ ಸಾಲು ಹಿರಿತನಕ್ಕೆ, ಬೀಗರ ಕಡೆಯ ಪ್ರಾತಿನಿಧ್ಯಕ್ಕೆ, ಮತ್ತು ಮದುವೆಗೆ ಒಡವೆ ಕೊಟ್ಟವರಿಗೆ. ಅವಕಾಶ ಸಿಗದ ಅತೃಪ್ತರಿಗೆ ನಿಗಮ, ಮಂಡಳಿ ಕೊಡುವ ಹಾಗೆ ಏನಾದರೂ ಕೊಡಬೇಕು. ಒಬ್ಬರಿಗೆ ಮೈಕು, ಒಬ್ಬರಿಗೆ ಹೂವಿನ ಚಾದರ ಹಿಡಿಯುವ ಕೆಲಸ, ಇನ್ನೊಬ್ಬರಿಗೆ ಎಲ್‌ಇಡಿ ಪರದೆಯ ಮೇಲೆ ಮೂರು ಫೋಟೊ. ಇನ್ನು ಷಡ್ಕರಿಬ್ಬರು. ಸೈಟಿನ ವಿಷಯಕ್ಕೆ ಮಾತು ಬಿಟ್ಟು ಎಷ್ಟೋ ವರ್ಷವಾಗಿದೆ. ಅವರ ಪಾಲಿಗೆ ಬಂದದ್ದು ಸ್ನೇಹದ ಹಾಡು. ಹೆಗಲ ಮೇಲೆ ಕೈ ಹಾಕಿಕೊಂಡು ಸುತ್ತಬೇಕು. ಸುತ್ತಿದರು ಕೂಡ, ಮುಖ ಮಾತ್ರ ಒಬ್ಬರದು ಪೂರ್ವಕ್ಕೆ, ಒಬ್ಬರದು ಪಶ್ಚಿಮಕ್ಕೆ.

ಇಷ್ಟೆಲ್ಲ ಚರ್ಚೆಯಲ್ಲಿ ಒಂದೇ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹಾಡಿನಲ್ಲಿ ಏನು ಹೇಳಿದೆ?

ನವಜೋಡಿಯ ಮೊದಲ ಕುಣಿತಕ್ಕೆ ‘ಮುಂಗಾರು ಮಳೆ’ಯ ಹಾಡು ಹಾಕದ ಆರತಕ್ಷತೆ ತೋರಿಸಿ ನೋಡೋಣ. 2006ರ ಕೊನೆಯಲ್ಲಿ ಬಂದ ಸಿನಿಮಾ. ನೋಡದ ಕನ್ನಡಿಗರು ಕಡಿಮೆ. ಆದರೂ ಹೊಗೆ ಬಿಟ್ಟು, ಬಣ್ಣದ ದೀಪ ಹಾಕಿ, ಗಂಡು ಹೆಣ್ಣಿನ ಸೊಂಟ ಹಿಡಿದು ತಿರುಗುವಾಗ ಕಥೆ ಎಲ್ಲರಿಗೂ ಮರೆತುಹೋಗಿರುತ್ತದೆ. ನಾಯಕ ಮಡಿಕೇರಿಗೆ ಹೋಗುತ್ತಾನೆ, ಮದುವೆ ಗೊತ್ತಾದ ಹುಡುಗಿಯನ್ನು ಪ್ರೀತಿಸುತ್ತಾನೆ, ಅವಳು ಬೇರೆಯವನ ಹೆಂಡತಿಯಾಗುತ್ತಾಳೆ. ಜೊತೆಗಿದ್ದ ಮೊಲ ಕೂಡ ಉಳಿಯುವುದಿಲ್ಲ. ಹೊಸ ಸಂಸಾರಕ್ಕೆ ಇದಕ್ಕಿಂತ ಶುಭ ಶಕುನ ಬೇಕೇ?

ಆಮೇಲೆ ಮೈಕು ಹಿಡಿಯುವ ಚಿಕ್ಕಪ್ಪ. ಅವರು ‘ಬಂಧನ’ದ ‘ನೂರೊಂದು ನೆನಪು’ ಹಾಡದೆ ಇಳಿಯುವವರಲ್ಲ. 1984ರ ಸಿನಿಮಾ. ಅಲ್ಲೂ ಅದೇ ಕತೆ. ನಾಯಕನ ಮನಸ್ಸಿನಲ್ಲಿದ್ದವಳು ಇನ್ನೊಬ್ಬನನ್ನು ಮದುವೆಯಾಗುತ್ತಾಳೆ, ಕೊನೆಗೆ ನಾಯಕ ಸಾಯುತ್ತಾನೆ. ಎರಡರಲ್ಲೂ ಹುಡುಗಿಯ ಹೆಸರು ನಂದಿನಿ. ಹಾಲಿನ ಪ್ಯಾಕೆಟ್ಟಿನ ಮೇಲೆ ಬಿಟ್ಟು ಬೇರೆಲ್ಲೂ ಈ ಹೆಸರು ಮದುವೆಮನೆಗೆ ಬಾರದಿದ್ದರೆ ಒಳ್ಳೆಯದು ಅನ್ನಿಸುತ್ತದೆ. ಅಪ್ಪ ಅಮ್ಮನ ಜೋಡಿ ಕುಣಿತಕ್ಕೆ ‘ಬಾಳ ಬಂಗಾರ ನೀನು’. ಅದು ಇಂಪಾದ ಹಾಡು, ನಿಜ. 1972ರ ‘ಬಂಗಾರದ ಮನುಷ್ಯ’ದಲ್ಲಿ ಆ ಹೆಂಡತಿ ತೀರಿಕೊಳ್ಳುತ್ತಾಳೆ, ಗಂಡ ಕೊನೆಗೆ ಊರು ಬಿಟ್ಟು ನಡೆದುಬಿಡುತ್ತಾನೆ. ಬೆಳ್ಳಿಹಬ್ಬ ಆಚರಿಸಿಕೊಂಡ ದಂಪತಿ ಅದಕ್ಕೆ ನಕ್ಕು ನಕ್ಕು ಹೆಜ್ಜೆ ಹಾಕುತ್ತಾರೆ.

ಹಿಂದಿಯ ವಿಷಯದಲ್ಲಿ ಇನ್ನೂ ಧಾರಾಳ. ‘ಚನ್ನಾ ಮೇರೆಯಾ’ ಅಂತ 2016ರಲ್ಲಿ ಒಂದು ಹಾಡು ಬಂತು. ಪ್ರೀತಿಸಿದ ಹುಡುಗಿಯ ಮದುವೆಮನೆಯಲ್ಲೇ ನಿಂತು ಸೋತ ಹುಡುಗ ಹಾಡುವ ವಿದಾಯದ ಹಾಡು. ನಮ್ಮವರು ಅದನ್ನು ಮದುಮಗಳ ಎಂಟ್ರಿಗೆ ಹಾಕಿದರು. ಅಕ್ಕತಂಗಿಯರು ಚಾದರ ಹಿಡಿದರು, ತಮ್ಮಂದಿರು ಪಟಾಕಿ ಕಡ್ಡಿ ಹಿಡಿದರು, ಎಲ್ಲರ ಮುಖದಲ್ಲೂ ನಗು. ಹುಡುಗಿಯ ಆಫೀಸಿನವನೊಬ್ಬ ಮಾತ್ರ ಹಿಂದಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಇಡೀ ಛತ್ರದಲ್ಲಿ ಸಾಹಿತ್ಯವನ್ನು ಗಮನವಿಟ್ಟು ಕೇಳಿದವನು ಅವನೊಬ್ಬನೇ ಇರಬೇಕು.

ಸ್ಪ್ಯಾನಿಷ್ ಹಾಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2017ರಲ್ಲಿ ಲೋಕವೆಲ್ಲ ಕುಣಿದ ‘ಡೆಸ್ಪಾಸಿಟೊ’ ನಮ್ಮ ಛತ್ರಗಳಿಗೂ ಬಂತು. ಅದರಲ್ಲಿ ಗಂಡು ಹೆಣ್ಣಿಗೆ ಏನೇನು ಹೇಳುತ್ತಾನೆ ಅನ್ನೋದನ್ನು ಕನ್ನಡಕ್ಕೆ ತಂದು ಓದಿದರೆ ಮುತ್ತಜ್ಜಿಯ ಕೈಯಲ್ಲಿದ್ದ ಅಕ್ಷತೆ ಅಲ್ಲೇ ಬೀಳುತ್ತದೆ.

ಯಾರಾದರೂ ಕೇಳಿದರೆ ಉತ್ತರ ಸಿದ್ಧವಿದೆ: ‘ಅರ್ಥ ಯಾರು ನೋಡ್ತಾರೆ ಅಂಕಲ್, ಬೀಟ್ ನೋಡಿ.’ ಕಾನೂನು ಕೂಡ ಇವರ ಕಡೆಗೇ ಇದೆ. ಮದುವೆಯಲ್ಲಿ ಹಾಡು ಹಾಕಿದ್ದಕ್ಕೆ ಹೋಟೆಲು, ಛತ್ರಗಳಿಂದ ರಾಯಲ್ಟಿ ಕೇಳುತ್ತಾರೆ ಅಂತ ದೂರುಗಳು ಬಂದಾಗ, ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ 2023ರ ಜುಲೈನಲ್ಲಿ ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿತು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಂಭ್ರಮಗಳಲ್ಲಿ ಹಾಡು ನುಡಿಸಿದರೆ ಹಕ್ಕಿನ ಉಲ್ಲಂಘನೆ ಆಗುವುದಿಲ್ಲ, ಯಾರೂ ದುಡ್ಡು ಕೇಳುವ ಹಾಗಿಲ್ಲ ಅಂತ. ಹಾಡಿನ ಹಕ್ಕಿಗೆ ಧಕ್ಕೆಯಿಲ್ಲ. ಹಾಡಿನ ಅರ್ಥಕ್ಕೆ ಧಕ್ಕೆಯಾದರೆ ಯಾವ ಸೆಕ್ಷನ್ ಅಂತ ಮಾತ್ರ ಕಾಯ್ದೆಯಲ್ಲಿ ಇಲ್ಲ.

ಕಾನೂನಿನ ಕಾಟ ಬರುವುದು ಹೊತ್ತಿನ ವಿಷಯದಲ್ಲಿ. ತೆರೆದ ಲಾನಿನಲ್ಲಿ ಆರತಕ್ಷತೆ ಇದ್ದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು. 2000ದ ಶಬ್ದಮಾಲಿನ್ಯ ನಿಯಮ. ಪತ್ರಿಕೆಯಲ್ಲಿ ಸಂಜೆ 6.30 ಅಂತ ಹಾಕಿಸಿ, ಮದುಮಗಳ ಮೇಕಪ್ ಮುಗಿಯುವ ಹೊತ್ತಿಗೆ 8.30 ಆಗಿರುತ್ತದೆ. ಉಳಿದ ಒಂದೂವರೆ ಗಂಟೆಯಲ್ಲಿ ಎರಡೂ ಕಡೆಯ ಎಂಟು ಕುಣಿತ ಮುಗಿಯಬೇಕು. ಅಷ್ಟು ಹೊತ್ತೂ ಮುಯ್ಯಿಯ ಕವರು ಹಿಡಿದವರ ಸಾಲು ವೇದಿಕೆಯ ಮೆಟ್ಟಿಲಿನಿಂದ ಪಾರ್ಕಿಂಗ್‌ವರೆಗೆ ನಿಂತಿರುತ್ತದೆ. ಕೊಟ್ಟು ಹೋಗೋಣ ಅಂದರೆ ಗಂಡುಹೆಣ್ಣು ವೇದಿಕೆಯಲ್ಲಿ ಇಲ್ಲ, ಕೆಳಗೆ ಸೋಫಾದಲ್ಲಿ ಕೂತು ಭಾವನ ಕುಣಿತ ನೋಡುತ್ತಿದ್ದಾರೆ. ಊಟಕ್ಕೆ ಹೋಗೋಣ ಅಂದರೆ ಕವರು ಜೇಬಲ್ಲೇ ಇದೆ. ಕವರು ಕೊಡದೆ ಉಂಡು ಹೋದರು ಅಂತ ನಾಳೆ ಮಾತು ಬಂದರೆ? ಸುಮ್ನೆ ನಿಂತಿರುತ್ತಾರೆ. ನಿರೂಪಣೆಯ ಹುಡುಗಿ ಅವರನ್ನೇ ನೋಡಿ, ‘ಎನರ್ಜಿ ಎಲ್ಲಿದೆ ಗಾಯ್ಸ್? ಜೋರಾಗಿ ಒಂದು ಚಪ್ಪಾಳೆ!’ ಅನ್ನುತ್ತಾಳೆ. ಹಸಿದವರ ಚಪ್ಪಾಳೆ ಹೇಗಿರಬೇಕೋ ಹಾಗೇ ಬರುತ್ತದೆ.

ಹಿರಿಯರ ಕುಣಿತದ ಹೊತ್ತಿಗೆ ಪೆನ್‌ಡ್ರೈವ್ ಓದಲಿಲ್ಲ. ಯಾರೋ ಮೊಬೈಲಿನಿಂದ ಯೂಟ್ಯೂಬ್ ಹಾಕಿದರು. ನಮ್ಮ ಪಾಲಿನ 40 ಸೆಕೆಂಡ್ ಕನ್ನಡ ಬರುವ ಮುಂಚೆ ಜಾಹೀರಾತು ಬಂತು, ಮಂಡಿನೋವಿನ ಎಣ್ಣೆಯದು. ಸೋದರತ್ತೆ ನಿಲ್ಲಿಸಲಿಲ್ಲ. ಕಲಿತ ಸ್ಟೆಪ್ಪನ್ನೇ ಹಾಕಿದರು. ಲಟ್ಟಿಸಿದರು, ಒಗ್ಗರಣೆ ಹಾಕಿದರು, ಬಟ್ಟೆ ಹಿಂಡಿದರು, ಸಾಲದ್ದಕ್ಕೆ ಮಂಡಿ ಹಿಡಿದುಕೊಂಡು ಒಂದು ಸುತ್ತು ಬಂದರು. ಛತ್ರದಲ್ಲಿ ಶಿಳ್ಳೆಯೋ ಶಿಳ್ಳೆ. ಆ ಸಂಜೆ ಹಾಡಿನ ಮಾತಿಗೂ ಕುಣಿತಕ್ಕೂ ಹೊಂದಿಕೆಯಾದದ್ದು ಅದೊಂದೇ.

ಮದುವೆಯಲ್ಲಿ ಕುಣಿಯೋದು ತಪ್ಪು ಅಂತ ಹೇಳುವ ಮಡಿವಂತ ನಾನಲ್ಲ. ಕೊಡಗಿಗೆ ಹೋಗಿ ನೋಡಿ. ವಾಲಗ ಶುರುವಾದರೆ ತಾತನಿಂದ ಮೊಮ್ಮಗನವರೆಗೆ ಎಲ್ಲರ ಕಾಲೂ ತಾನಾಗಿ ಏಳುತ್ತದೆ. ಕೊರಿಯೋಗ್ರಾಫರ್ ಇಲ್ಲ, ರಿಹರ್ಸಲ್ ಇಲ್ಲ. ಗಂಗಾಪೂಜೆಯ ಹೊತ್ತಿಗೆ ಮದುಮಗಳು ನೀರಿನ ಕೊಡ ತಲೆಯ ಮೇಲಿಟ್ಟುಕೊಂಡು ಬರುತ್ತಾಳೆ. ಗಂಡಿನ ಕಡೆಯವರು ದಾರಿಗೆ ಅಡ್ಡ ನಿಂತು ಗಂಟೆಗಟ್ಟಲೆ ಕುಣಿಯುತ್ತಾರೆ, ಅವಳು ಹೊತ್ತುಕೊಂಡೇ ನಿಂತಿರಬೇಕು. ಆ ಕುಣಿತದಲ್ಲಿ ಕೀಟಲೆ ಇದೆ, ಹೊಸ ಸೊಸೆಯ ತಾಳ್ಮೆಯ ಪರೀಕ್ಷೆ ಇದೆ. ಉತ್ತರ ಕರ್ನಾಟಕದಲ್ಲಿ ಒಡಪು ಹೇಳದೆ ಗಂಡನ ಹೆಸರು ಬಾಯಿಂದ ಬರುವ ಹಾಗಿಲ್ಲ. ಮಾಧ್ವರ ಮನೆಗಳಲ್ಲಿ ವಾದಿರಾಜರ ‘ಲಕ್ಷ್ಮೀ ಶೋಭಾನೆ’ ಹಾಡುತ್ತಾರೆ. 16ನೇ ಶತಮಾನದ ಹಾಡು. ಅದರಲ್ಲಿ ಲಕ್ಷ್ಮಿ ಒಬ್ಬೊಬ್ಬ ದೇವತೆಯಲ್ಲೂ ಒಂದೊಂದು ಕೊರತೆ ಕಂಡು, ಎಲ್ಲರನ್ನೂ ದಾಟಿ ಬಂದು ನಾರಾಯಣನಿಗೆ ಮಾಲೆ ಹಾಕುತ್ತಾಳೆ. ಇಷ್ಟೊಂದು ಗಂಡುಗಳನ್ನು ತಿರಸ್ಕರಿಸಿದ ಮದುಮಗಳ ಹಾಡು ಯಾವ ಮ್ಯಾಶಪ್ಪಿನಲ್ಲಿದೆ ಹೇಳಿ.

ಇನ್ನು ಬೀಗರ ಹಾಡು. ಎದುರಿಗೆ ಕೂರಿಸಿಕೊಂಡು, ಬಾಯ್ತುಂಬ ಬೈದು, ಅವರಿಂದಲೂ ಬೈಸಿಕೊಂಡು, ಕೊನೆಗೆ ಇಬ್ಬರೂ ನಗುವ ಕಲೆ. ಅದರಲ್ಲಿ ಬೀಟ್ ಇಲ್ಲ. ಇರುವುದೆಲ್ಲ ಮಾತೇ.

ಆ ಮದುವೆಯಲ್ಲೂ ಒಬ್ಬರು ಅಜ್ಜಿ ಇದ್ದರು. ಅವರನ್ನು ಯಾವ ಗುಂಪಿಗೂ ಸೇರಿಸಿರಲಿಲ್ಲ, ಯಾವ ಸಾಲಿನಲ್ಲೂ ನಿಲ್ಲಿಸಿರಲಿಲ್ಲ. ಮರುದಿನ ಧಾರೆ ಮುಗಿದು ಬೀಗರ ಪಂಕ್ತಿ ಕೂತಾಗ, ಕಂಬಕ್ಕೆ ಒರಗಿಕೊಂಡು ಶುರುಮಾಡಿದರು:

ಬಂದರು ಬಂದರು ಬೀಗರು ಬಸ್ಸು ತುಂಬ
ಹೋಳಿಗೆ ಕಂಡೊಡನೆ ಅವರಿಗೆ ಕಣ್ಣು ತುಂಬ
ಕುಣಿದರು ಕುಣಿದರು ಮಾವಯ್ಯ ಸ್ಟೇಜು ತುಂಬ
ಎತ್ತಿದ್ದು ಒಂದೇ ಕಾಲು, ಉಸ್ಸೆಂದರು ಊರು ತುಂಬ

ಗಂಡಿನ ಅಪ್ಪನಿಗೆ ಸಾರು ನೆತ್ತಿಗೇರಿತು. ಗಂಡಿನ ಕಡೆಯ ಒಬ್ಬ ಹೆಂಗಸು ಎಂಜಲು ಕೈಯಲ್ಲೇ ಎದ್ದು, ಹೆಣ್ಣಿನ ಕಡೆಯ ಅನ್ನದ ಬೇಯದ ಅಕ್ಕಿಯ ಮೇಲೆ ಎದುರುಹಾಡು ಕಟ್ಟಿದರು. ಬಡಿಸುವವರು ಬಕೆಟ್ ಕೆಳಗಿಟ್ಟು ನಿಂತರು. ಷಡ್ಕರಿಬ್ಬರೂ ಒಟ್ಟಿಗೇ ನಕ್ಕದ್ದನ್ನು ನಾನೇ ನೋಡಿದೆ. ಹತ್ತಾರು ಮೊಬೈಲು ಮೇಲೆದ್ದವು.

ಸಂಜೆ ಅಫಿಷಿಯಲ್ ಗುಂಪಿಗೆ ರೀಲ್ ಬಂತು. ‘ಅಜ್ಜಿ ರಾಕ್ಸ್’ ಅಂತ ತಲೆಬರಹ, ಸುತ್ತ ಮಿನುಗುವ ನಕ್ಷತ್ರಗಳು. ಹಿನ್ನೆಲೆಯಲ್ಲಿ ಪಾತ್ರೆ ಸದ್ದು ಜಾಸ್ತಿ ಇತ್ತಂತೆ, ಅದಕ್ಕೆ ಅಸಲಿ ಧ್ವನಿ ತೆಗೆದು ಟ್ರೆಂಡಿಂಗ್ ಆಡಿಯೊ ಹಾಕಿದ್ದರು. ಅಜ್ಜಿಯ ತುಟಿ ಆಡುತ್ತಿತ್ತು, ‘ಚನ್ನಾ ಮೇರೆಯಾ’ ಬರುತ್ತಿತ್ತು, ಅರಿಜಿತ್ ಸಿಂಗ್ ದನಿಯಲ್ಲಿ. ಕೆಳಗೆ ಮೊದಲ ಪ್ರತಿಕ್ರಿಯೆ ಕೊರಿಯೋಗ್ರಾಫರ್‌ನದು: ‘ಸೂಪರ್ ಅಜ್ಜಿ! ಲಿಪ್ ಸಿಂಕ್ ಮಾತ್ರ ಸ್ವಲ್ಪ ಆಫ್ ಇದೆ. ಎರಡು ದಿನ ರಿಹರ್ಸಲ್‌ಗೆ ಬಂದಿದ್ದರೆ ಸರಿಹೋಗ್ತಿತ್ತು.’