ಅಂಟಿಸಬಾರದು ಎಂಬ ಜಾಹೀರಾತು

ಯುಗಾದಿಗೆ ಮುನ್ನ ನಮ್ಮ ಮನೆಯ ಕಾಂಪೌಂಡಿಗೆ ಸುಣ್ಣ ಹೊಡೆಸಿದ್ದೆ. ಮರುದಿನ ಬೆಳಗ್ಗೆ ಹಾಲು ತರಲು ಹೊರಟರೆ ಗೋಡೆಯ ಮೇಲೆ ಮೂಲವ್ಯಾಧಿ. ಅದರ ಪಕ್ಕ ಭಗಂದರ. ಅದಕ್ಕೆ ಒತ್ತಿಕೊಂಡಂತೆ, ಹತ್ತನೇ ತರಗತಿಯಲ್ಲಿ ನಪಾಸಾದವರಿಗೆ ನೇರ ಪ್ರವೇಶ. ರಾಯಚೂರಿನ ತೀನ್ ಕಂದೀಲ್ ವೃತ್ತದಿಂದ ಕೂಗಳತೆಯಲ್ಲಿ ಮನೆ ಮಾಡಿದ್ದಕ್ಕೆ ಇಷ್ಟಾದರೂ ಸಿಗಬೇಡವೇ?

ಪೇಂಟರನನ್ನು ಕರೆಸಿ, ‘ಇಲ್ಲಿ ಭಿತ್ತಿಪತ್ರ ಅಂಟಿಸಬಾರದು’ ಎಂದು ಕೆಂಪು ಅಕ್ಷರದಲ್ಲಿ ಬರೆಸಿದೆ. ಸಂಜೆ ಬಂದು ನೋಡಿದರೆ ಆ ಸಾಲಿನ ಕೆಳಗೆ, ಅದಕ್ಕಿಂತ ದಪ್ಪ ಅಕ್ಷರದಲ್ಲಿ ಪೇಂಟರನ ಹೆಸರು ಮತ್ತು ಮೊಬೈಲ್ ನಂಬರು. ಇದೇನಪ್ಪ ಎಂದು ಕೇಳಿದ್ದಕ್ಕೆ, “ಅದಕ್ಕೆ ರೊಕ್ಕ ಹಿಡಿದಿಲ್ಲ ಸರ್” ಎಂದು ಸಮಾಧಾನ ಹೇಳಿದ.

ಹೀಗೆ ಊರನ್ನು ಅಂದಗೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರಿಂದಲೇ ಒಂದು ಕಾಯ್ದೆ ಇದೆ. ಸಾಲದೆಂದು 2016ರಲ್ಲಿ ಪ್ಲಾಸ್ಟಿಕ್ಕಿನ ಫ್ಲೆಕ್ಸ್, ಬ್ಯಾನರುಗಳನ್ನೂ ಸರ್ಕಾರ ನಿಷೇಧಿಸಿತು. ಇಷ್ಟು ಒಳ್ಳೆಯ ಸುದ್ದಿಯನ್ನು ಜನರಿಗೆ ಮುಟ್ಟಿಸುವುದು ಹೇಗೆ? ‘ಪ್ಲಾಸ್ಟಿಕ್ ತ್ಯಜಿಸಿ’ ಎಂಬ ಫ್ಲೆಕ್ಸನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಗಟ್ಟಿ ಮಾಲು, ಎರಡು ಮಳೆಗಾಲ ತಡೆಯಿತು.

ನಮ್ಮ ವೃತ್ತದಲ್ಲಿ ನೇತಾಡುವ ಹುಟ್ಟುಹಬ್ಬದ ಫ್ಲೆಕ್ಸಿಗೆ ಒಂದು ವ್ಯಾಕರಣವಿದೆ. ಮೇಲಿನ ಸಾಲಿನಲ್ಲಿ ಮಹಾಪುರುಷರು, ಅಂಚೆಚೀಟಿಯ ಗಾತ್ರದಲ್ಲಿ. ನಡುವೆ ನಾಯಕರು, ಅಂಗಾಲಿನಿಂದ ನೆತ್ತಿಯವರೆಗೆ. ಬಿಳಿ ಅಂಗಿ, ಕಪ್ಪು ಕನ್ನಡಕ, ಕಿವಿಯಲ್ಲಿ ಫೋನು. ಊರಿನ ಯಾವುದೋ ದೊಡ್ಡ ಕೆಲಸವನ್ನು ಅವರು ನಡೆಯುತ್ತ ನಡೆಯುತ್ತಲೇ ಮುಗಿಸುತ್ತಿರುವಂತೆ ಕಾಣುತ್ತದೆ. ನಲ್ಲಿಯಲ್ಲಿ ನೀರು ಬಾರದ ದಿನ ನಾವು ಕರೆ ಮಾಡಿದಾಗ ಮಾತ್ರ ಆ ಫೋನು ಸ್ವಿಚ್ ಆಫ್. ಇನ್ನು ಕೆಳಗೆ ‘ಶುಭ ಕೋರುವವರು’. ಒಮ್ಮೆ ಎಣಿಸಿದೆ, ನಲವತ್ತೊಂದು ತಲೆ. ನಲವತ್ತೆರಡನೆಯವನೂ ಇದ್ದನಂತೆ, ಅವನ ಮುಖವನ್ನು ವಿದ್ಯುತ್ ಕಂಬಕ್ಕೆ ಕಟ್ಟಿದ ಹಗ್ಗ ಮುಚ್ಚಿತ್ತು. ಆ ಹಗ್ಗ ಕಟ್ಟಿದವರು ಯಾರೆಂಬ ಜಗಳ ಇನ್ನೂ ಹರಿದಿಲ್ಲ.

ಹುಟ್ಟುಹಬ್ಬವಾದರೂ ಸರಿ. ಸಾವಿನ ಫ್ಲೆಕ್ಸ್ ನೋಡಬೇಕು. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದಿರುತ್ತದೆ. ತೀರಿಕೊಂಡ ಹಿರಿಯರು ಒಂದು ಮೂಲೆಯಲ್ಲಿ ಬೆಂಚಿನ ತುದಿಗೆ ಕುಳಿತವರಂತೆ ಮುದುಡಿಕೊಂಡಿರುತ್ತಾರೆ. ದುಃಖತಪ್ತರೆಲ್ಲ ಹಲ್ಲು ಕಿರಿದು ನಗುತ್ತಿರುತ್ತಾರೆ. ಅವರದೇನೂ ತಪ್ಪಿಲ್ಲ, ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದೇ ಆ ಒಂದು ಫೋಟೊ. ಹುಟ್ಟಿಗೂ ಅದೇ, ಹೆಣಕ್ಕೂ ಅದೇ.

ಪ್ರಚಾರವೆಂಬುದು ನಮ್ಮ ಸೀಮೆಗೆ ಹೊಸದೇನಲ್ಲ ಬಿಡಿ. ನಮ್ಮ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನ 1915ರಲ್ಲಿ ಸಿಕ್ಕಿತು. ಅದುವರೆಗೆ ಸಿಕ್ಕಿದ್ದ ಅವನ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಕಾಣುತ್ತಿತ್ತೇ ಹೊರತು ಅಶೋಕನೆಂಬ ಹೆಸರು ಇರಲಿಲ್ಲ. ದೇಶದ ಬಹುಭಾಗ ಆಳಿದವನ ಹೆಸರು ಹುಡುಕಲು ಪಂಡಿತರು ಮಸ್ಕಿಯವರೆಗೆ ಬರಬೇಕಾಯಿತು! ಇವತ್ತಿನ ವಾರ್ಡ್ ಅಧ್ಯಕ್ಷರ ಹೆಸರು ಹುಡುಕಲು ಒಂದು ಕಂಬ ಸಾಕು. ಆ ಶಾಸನದಲ್ಲಿ ಚಕ್ರವರ್ತಿ ಹೇಳಿಕೊಂಡಿದ್ದಾದರೂ ಏನು? ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂದು. ಶುಭ ಕೋರುವವರ ಸಾಲೇ ಇಲ್ಲ. ಇಂಥವನು ಇಂದು ಮಹಾನಗರ ಪಾಲಿಕೆಗೆ ನಿಂತರೆ ಠೇವಣಿ ಉಳಿಯುವುದು ಕಷ್ಟ.

ರಾಯಚೂರು ಕೋಟೆ ಕಟ್ಟಿಸಿದವರಿಗೆ ಸ್ವಲ್ಪ ವ್ಯವಹಾರ ತಿಳಿದಿತ್ತು. 1294ರ ಶಾಸನವನ್ನು ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲೆ ಕೆತ್ತಿಸಿ, ಅಂಥ ಕಲ್ಲನ್ನು ಬಂಡಿಯ ಮೇಲೆ ಹೇಗೆ ಎಳೆದು ತಂದರೆಂಬ ಚಿತ್ರವನ್ನೂ ಗೋಡೆಯಲ್ಲಿ ಬಿಡಿಸಿದರು. ಆದರೂ ಒಂದು ಕೊರತೆ ಇದೆ: ಮೊದಲು ಕೋಟೆ ಕಟ್ಟಿದರು, ಆಮೇಲೆ ಜಾಹೀರಾತು ಕೊಟ್ಟರು. ನಮ್ಮವರು ಹಾಗೆ ಕಾಲಹರಣ ಮಾಡುವವರಲ್ಲ. ರಾಯಚೂರಿಗೆ ಏಮ್ಸ್ ಬೇಕೆಂದು ಜನ ವರ್ಷಗಟ್ಟಲೆ ಧರಣಿ ಕುಳಿತಿದ್ದಾರೆ, ಏಮ್ಸ್ ಬಂದಿಲ್ಲ. ಅದರ ಪಕ್ಕದ ಸೈಟುಗಳು ಮಾತ್ರ ಮಾರಾಟಕ್ಕೆ ಬಂದಿವೆ.

ಆ ಸೈಟಿನ ವಿಷಯ ನನಗೆ ತಿಳಿದದ್ದು ಫೋನಿನಿಂದ. 140ರಿಂದ ಶುರುವಾಗುವ ಕರೆ ಜಾಹೀರಾತಿನದು ಎಂದು ಎಲ್ಲರಿಗೂ ಗೊತ್ತು, ಎತ್ತದಿದ್ದರಾಯಿತು. ಈಗ ಸೈಟು ಮಾರುವವರು ಸಾದಾ ನಂಬರಿನಿಂದ ಕರೆದು, ಮಧ್ಯಾಹ್ನದ ನಿದ್ದೆಯಲ್ಲಿದ್ದ ನನ್ನನ್ನು “ಊಟ ಆಯಿತೇ ಸರ್?” ಎಂದು ವಿಚಾರಿಸುತ್ತಾರೆ. ಹೆತ್ತ ಮಗ ಬೆಂಗಳೂರಿನಿಂದ ವಾರಕ್ಕೊಮ್ಮೆಯೂ ಇದನ್ನು ಕೇಳುವುದಿಲ್ಲ.

ಹಳ್ಳಿಗೆ ಹೋದರೆ ತಪ್ಪಿಸಿಕೊಳ್ಳಬಹುದೆಂದು ಮಾನ್ವಿ ಕಡೆಯ ನಮ್ಮೂರಿಗೆ ಹೋದೆ. ನಮ್ಮ ದೊಡ್ಡಪ್ಪನ ಮಣ್ಣಿನ ಗೋಡೆಯ ಮೇಲೆ ಸಿಮೆಂಟಿನ ಜಾಹೀರಾತು: ‘ತಲೆಮಾರುಗಳ ಭದ್ರತೆ’. ಪ್ರತಿ ಮಳೆಗೂ ಆ ಭದ್ರತೆ ಒಂದೊಂದು ಅಕ್ಷರವಾಗಿ ಅಂಗಳಕ್ಕೆ ಜಾರುತ್ತಿದೆ. ಭತ್ತದ ರಾಶಿಗೆ ಹೊದಿಸಿದ್ದು ಹಳೆಯ ಚುನಾವಣೆಯ ಫ್ಲೆಕ್ಸ್. ಗೆದ್ದ ಮೇಲೆ ಊರ ಕಡೆ ತಲೆ ಹಾಕದಿದ್ದ ಅಭ್ಯರ್ಥಿ ಕೈಮುಗಿದು, ತಲೆಕೆಳಗಾಗಿ, ಹಗಲಿರುಳು ಕಣದಲ್ಲೇ ಕಾವಲಿದ್ದರು. ದೊಡ್ಡಪ್ಪನಿಗೆ ಅವರ ಮೇಲಿದ್ದ ಹಳೆಯ ಸಿಟ್ಟು ಈಗ ಅರ್ಧ ಇಳಿದಿದೆ.

ಆ ಉಪಾಯವನ್ನು ನನ್ನ ಹೆಂಡತಿ ಕಲಿತು ಬಂದಳು. ಗಾಳಿಗೆ ಹರಿದು ನಮ್ಮ ಅಂಗಳಕ್ಕೆ ಬಿದ್ದ ವೃತ್ತದ ಫ್ಲೆಕ್ಸನ್ನು ಮಾಳಿಗೆಯ ಮೇಲೆ ಮುಖ ಕೆಳಗಾಗಿ ಹಾಸಿ, ಮೇಲೊಂದು ಹಳೆಯ ಸೀರೆ ಹರವಿ, ಸಂಡಿಗೆ ಇಟ್ಟಳು. ನಮ್ಮ ಬಿಸಿಲಿಗೆ ಎರಡು ದಿನ ಸಾಕು. ಎರಡನೆಯ ದಿನವೇ ಬಾಗಿಲಲ್ಲಿ ನಾಲ್ಕು ಹುಡುಗರು ಬಂದು ನಿಂತರು.

“ಅಕ್ಕಾರೆ, ನಮ್ಮ ಫ್ಲೆಕ್ಸ್ ನಿಮ್ಮಲ್ಲಿ ಇದೆಯಂತೆ. ನಾಳೆ ಅಣ್ಣನವರ ಹುಟ್ಟುಹಬ್ಬ.”

“ಅದು ಹೋದ ವರ್ಷದ್ದಲ್ಲವೇನಪ್ಪ?”

“ಇಸವಿಯ ಮೇಲೆ ಚೀಟಿ ಅಂಟಿಸುತ್ತೇವೆ.”

“ಸಂಜೆಗೆ ಬನ್ನಿ,” ಎಂದಳು. “ಅಣ್ಣನವರ ಮೇಲೆ ಇನ್ನೂ ಸಂಡಿಗೆ ಹಸಿ ಇದೆ.”