ಹಾಸ್ಪಿಸ್ ಆರಿಸುವಾಗ ಕರುಣೆಯ ಮಾತಿಗೆ ಮರುಳಾಗಬೇಡಿ

ಹಾಸ್ಪಿಸ್, ಅಂದರೆ ಕೊನೆಗಾಲದ ಆರೈಕೆ ಕೊಡುವ ಸಂಸ್ಥೆಯೊಂದರ ಬಗ್ಗೆ ಯಾರನ್ನಾದರೂ ವಿಚಾರಿಸಿ ನೋಡಿ. "ಬಹಳ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ", "ದೇವರಂತಹ ಜನ", "ಜಾಗ ತುಂಬಾ ಶಾಂತವಾಗಿದೆ" ಎಂಬ ಉತ್ತರಗಳೇ ಬರುತ್ತವೆ. ಮೂರೂ ನಿಜವಿರಬಹುದು. ಆದರೂ ಅದೇ ಶಾಂತವಾದ ಜಾಗದಲ್ಲಿ ರೋಗಿಯೊಬ್ಬರು ರಾತ್ರಿಯಿಡೀ ನೋವಿಗೆ ಹಲ್ಲು ಕಚ್ಚಿಕೊಂಡು ಮಲಗಿರಬಹುದು. ಪ್ರೀತಿ ಬೇರೆ, ನೋವು ಇಳಿಸುವ ಕೈಚಳಕ ಬೇರೆ. ಹಾಸ್ಪಿಸ್ ವಿಷಯದಲ್ಲಿ ನಮಗೆ ಎರಡನೆಯದು ಮೊದಲು ಬೇಕು. ಮೊದಲನೆಯದನ್ನು ಮನೆಯವರೇ ಧಾರಾಳವಾಗಿ ಕೊಡಬಲ್ಲರು.

ಈ ಮಾತು ಕೆಲವರಿಗೆ ಒರಟಾಗಿ ಕೇಳಿಸುತ್ತದೆಂದು ಗೊತ್ತಿದೆ. ಸಾಯುತ್ತಿರುವವರ ಮುಂದೆ ಲೆಕ್ಕ, ಪರಿಶೀಲನೆ, ಪ್ರಶ್ನಾವಳಿ ಎನ್ನುವುದೇ ಅಸಭ್ಯ ಎಂಬ ಭಾವನೆ ನಮ್ಮಲ್ಲಿ ಇದೆ. ಈ ಸಂಕೋಚವೇ ಕೆಟ್ಟ ಸಂಸ್ಥೆಗಳಿಗೆ ರಕ್ಷಾಕವಚ. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ನಾಲ್ಕು ವೈದ್ಯರನ್ನು ಕೇಳುವವರು ಹಾಸ್ಪಿಸ್ ಎಂದ ಕೂಡಲೇ ಮೊದಲು ಸಿಕ್ಕಿದ ಫೋನ್ ಸಂಖ್ಯೆಗೆ ಕರೆ ಮಾಡಿ ಮುಗಿಸುತ್ತಾರೆ. ಅಲ್ಲಿ ನಡೆದ ತಪ್ಪಿಗೆ ದೂರು ಕೊಡಬೇಕಾದ ವ್ಯಕ್ತಿ ಬದುಕಿರುವುದಿಲ್ಲ. ಉಳಿದವರು ದುಃಖದಲ್ಲಿರುತ್ತಾರೆ, ಜೊತೆಗೆ ಯಾರೋ ಬಂದು ಕೈ ಹಿಡಿದರಲ್ಲ ಎಂಬ ಕೃತಜ್ಞತೆಯಲ್ಲಿಯೂ ಇರುತ್ತಾರೆ. ಹಾಗಾಗಿ ಹಾಸ್ಪಿಸ್‌ಗಳ ಬಗ್ಗೆ ಕೇಳಿಬರುವ ಹೊಗಳಿಕೆಯನ್ನು ನಾನು ಅರ್ಧದಷ್ಟೇ ನಂಬುತ್ತೇನೆ.

ಆಧುನಿಕ ಹಾಸ್ಪಿಸ್ ಹುಟ್ಟಿದ್ದೇ ಕರುಣೆ ಮಾತ್ರ ಸಾಲದು ಎಂಬ ಅರಿವಿನಿಂದ. ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದವರು. ಸಾಯುವವರ ನೋವನ್ನು ವೈದ್ಯರು ಗಂಭೀರವಾಗಿ ತೆಗೆದುಕೊಳ್ಳಬೇಕಾದರೆ ತಾನೇ ವೈದ್ಯೆಯಾಗಬೇಕು ಎಂದು ಮತ್ತೆ ಓದಲು ಕುಳಿತು, 1957ರಲ್ಲಿ ವೈದ್ಯಕೀಯ ಪದವಿ ಪಡೆದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಅವರು ಪಟ್ಟು ಹಿಡಿದಿದ್ದ ಒಂದು ಸಂಗತಿ ಬಹಳ ಸರಳ: ನೋವು ಬಂದ ಮೇಲೆ ಮಾರ್ಫಿನ್ ಎಂಬ ಪ್ರಬಲ ನೋವು ನಿವಾರಕ ಕೊಡುವುದಲ್ಲ, ನೋವು ಮರಳಿ ಬರುವುದಕ್ಕೆ ಮೊದಲೇ, ಗಡಿಯಾರ ನೋಡಿಕೊಂಡು ಕೊಡಬೇಕು. ರೋಗಿ ಬೇಡಿಕೊಳ್ಳುವ ಸ್ಥಿತಿಗೆ ಬರಬಾರದು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿಯೂ ಇದೇ ತತ್ವವಿತ್ತು. ಸಾಧ್ಯವಾದಷ್ಟು ಬಾಯಿಯ ಮೂಲಕ, ಹೊತ್ತಿಗೆ ಸರಿಯಾಗಿ, ನೋವಿನ ತೀವ್ರತೆಗೆ ತಕ್ಕ ಮೆಟ್ಟಿಲಿನ ಔಷಧಿ.

ಆದ್ದರಿಂದ ಯಾವುದೇ ಹಾಸ್ಪಿಸ್ ತಂಡದ ಮುಂದೆ ನಾನು ಇಡುವ ಮೊದಲ ಪ್ರಶ್ನೆ ನೋವಿನದೇ. "ನೋವನ್ನು ಹೇಗೆ ನಿಭಾಯಿಸುತ್ತೀರಿ?" ಎಂದು ಕೇಳಿದರೆ ಎಲ್ಲರೂ "ನೋವಿಲ್ಲದಂತೆ ನೋಡಿಕೊಳ್ಳುತ್ತೇವೆ" ಎನ್ನುತ್ತಾರೆ. ಅದು ಉತ್ತರವಲ್ಲ. ಹೀಗೆ ಕೇಳಿ: ಎರಡು ಡೋಸ್‌ಗಳ ನಡುವೆ ಇದ್ದಕ್ಕಿದ್ದಂತೆ ನೋವು ಉಕ್ಕಿದರೆ ಏನು ಕೊಡಬೇಕು, ಎಷ್ಟು ಕೊಡಬೇಕು, ಎಷ್ಟು ಹೊತ್ತಿನ ನಂತರ ಮತ್ತೆ ಕೊಡಬಹುದು, ಅದನ್ನು ಬರೆದು ಕೊಡುತ್ತೀರಾ? ಚೆನ್ನಾಗಿ ಕೆಲಸ ಬಲ್ಲ ನರ್ಸ್ ಇದಕ್ಕೆ ತಡವರಿಸುವುದಿಲ್ಲ. ದಿನದ ಒಟ್ಟು ಪ್ರಮಾಣದ ಸುಮಾರು ಆರನೇ ಒಂದು ಭಾಗವನ್ನು ಇಂತಹ ತುರ್ತು ಡೋಸ್ ಆಗಿ ಲೆಕ್ಕ ಹಾಕುವುದು ಬಹುಕಾಲದಿಂದ ಬಂದ ರೂಢಿ ಎಂದು, ಅದು ದಿನಕ್ಕೆ ಹಲವು ಬಾರಿ ಬೇಕಾದರೆ ಮೂಲ ಪ್ರಮಾಣವನ್ನೇ ಏರಿಸಬೇಕು ಎಂದು ವಿವರಿಸುತ್ತಾರೆ. ಚರ್ಮದ ಮೂಲಕ ನೋವಿನ ಔಷಧಿ ಇಳಿಸುವ ಫೆಂಟನಿಲ್ ಪಟ್ಟಿ ಅಂಟಿಸುವುದಾದರೆ, ಅದು ಕೆಲಸ ಶುರು ಮಾಡಲು ಅರ್ಧ ದಿನ, ಕೆಲವೊಮ್ಮೆ ಇಡೀ ದಿನವೇ ಹಿಡಿಯುತ್ತದೆ, ಅಲ್ಲಿಯವರೆಗೆ ಬೇರೆ ಏರ್ಪಾಡು ಬೇಕು ಎಂದು ಅವರೇ ಎಚ್ಚರಿಸುತ್ತಾರೆ.

ಇನ್ನೊಂದು ಪ್ರಶ್ನೆ ಇದೆ. ಕೇಳಲು ನಾಚಿಕೆಯೆನಿಸುತ್ತದೆ, ಆದರೆ ಸಂಸ್ಥೆಯ ಗುಣಮಟ್ಟ ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ತಿಳಿದಿಲ್ಲ. ಮಲಬದ್ಧತೆಯ ಬಗ್ಗೆ ಏನು ಮಾಡುತ್ತೀರಿ? ಮಾರ್ಫಿನ್ ಶುರುವಾದಾಗ ಬರುವ ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ; ದೇಹ ಅದಕ್ಕೆ ಒಗ್ಗಿಕೊಳ್ಳುವುದಿಲ್ಲ. ಹಾಗಾಗಿ ಮಾರ್ಫಿನ್ ಬರೆದ ಚೀಟಿಯಲ್ಲಿಯೇ ಮಲ ಸಡಿಲಿಸುವ ಔಷಧಿಯೂ ಇರಬೇಕು. ಇಲ್ಲದಿದ್ದರೆ ಹೊಟ್ಟೆ ಕಟ್ಟಿ, ಉಬ್ಬರಿಸಿ, ಕೊನೆಗೆ ರೋಗಿ ನೋವಿನ ಔಷಧಿಯನ್ನೇ ಬೇಡವೆನ್ನುತ್ತಾರೆ. ನನ್ನ ಸೋದರತ್ತೆಯ ವಿಷಯದಲ್ಲಿ ಆದದ್ದು ಇದೇ. ಮನೆಗೆ ಬಂದು ನೋಡುತ್ತಿದ್ದ ತಂಡದವರು ಮೃದುಭಾಷಿಗಳು, ಅತ್ತೆಯ ತಲೆ ನೇವರಿಸಿ ಮಾತನಾಡಿಸುತ್ತಿದ್ದರು. ಆದರೆ ಹೊಟ್ಟೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. "ಈ ಮಾತ್ರೆಯಿಂದಲೇ ನನಗೆ ಸಂಕಟ, ಕೊಡಬೇಡಿ" ಎಂದು ಅತ್ತೆ ಹಟ ಹಿಡಿದರು. ಬದಲಿಗೆ ಬಂದ ಹಿರಿಯ ನರ್ಸ್ ಒಬ್ಬರು ಬಾಗಿಲು ದಾಟಿ ಬಂದವರೇ ಕೇಳಿದ್ದು, "ಅಮ್ಮಾ, ಕಕ್ಕಸಿಗೆ ಹೋಗಿ ಎಷ್ಟು ದಿನವಾಯಿತು?" ಆ ನರ್ಸ್ ಮುಖದಲ್ಲಿ ನಗುವೇ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಆ ಇಡೀ ಸಂಸ್ಥೆಯಲ್ಲಿ ಹಾಸ್ಪಿಸ್ ಎಂಬ ಹೆಸರಿಗೆ ತಕ್ಕವರು ಅವರೊಬ್ಬರೇ.

ಮಾತು ನಿಂತುಹೋದ ರೋಗಿಗಳ ವಿಷಯ ಇನ್ನೂ ಸೂಕ್ಷ್ಮ. ಮರೆವಿನ ಕಾಯಿಲೆ ಮುಂದುವರಿದವರಿಗೆ "ಸೊನ್ನೆಯಿಂದ ಹತ್ತರವರೆಗೆ ನಿಮ್ಮ ನೋವು ಎಷ್ಟು?" ಎಂದು ಕೇಳಿ ಏನು ಪ್ರಯೋಜನ? ಉಸಿರಾಟ, ನರಳುವ ದನಿ, ಮುಖಭಾವ, ಮೈಯ ಬಿಗಿತ, ಸಮಾಧಾನ ಮಾಡಿದರೆ ಶಾಂತವಾಗುತ್ತಾರೆಯೇ ಎಂಬ ಐದು ಅಂಶಗಳನ್ನು ನೋಡಿ ಅಂಕ ಕೊಡುವ ಕ್ರಮವೊಂದು 2003ರಿಂದ ಇದೆ. ತಂಡದವರಿಗೆ ಇದೋ, ಇಂತಹ ಬೇರೊಂದು ಕ್ರಮವೋ ತಿಳಿದಿರಬೇಕು. "ಅವರು ಏನೂ ಹೇಳುವುದಿಲ್ಲ, ಆರಾಮವಾಗಿದ್ದಾರೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ರಾತ್ರಿಯ ವಿಷಯ. ಹಗಲು ಹನ್ನೊಂದಕ್ಕೆ ಎಲ್ಲ ಸಂಸ್ಥೆಗಳೂ ಚೆನ್ನಾಗಿಯೇ ಇರುತ್ತವೆ. ಸಾವಿನ ಸಂಕಟಗಳು ಕಚೇರಿಯ ವೇಳೆ ನೋಡಿ ಬರುವುದಿಲ್ಲ. "ಇಪ್ಪತ್ನಾಲ್ಕು ಗಂಟೆ ಸೇವೆ" ಎಂದು ಕರಪತ್ರದಲ್ಲಿ ಅಚ್ಚಾಗಿದ್ದರೆ ಅದರ ಅರ್ಥವೇನೆಂದು ಬಿಡಿಸಿ ಕೇಳಬೇಕು. ರಾತ್ರಿ ಎರಡು ಗಂಟೆಗೆ ಕರೆ ಮಾಡಿದರೆ ಎತ್ತುವವರು ನರ್ಸೋ, ಸಂದೇಶ ಬರೆದುಕೊಳ್ಳುವ ಗುಮಾಸ್ತರೋ? ಅವರ ಮುಂದೆ ನಮ್ಮ ರೋಗಿಯ ಕಡತ ತೆರೆದಿರುತ್ತದೆಯೇ? ಮನೆಗೆ ಬರಬೇಕಾದರೆ ಯಾರು, ಎಲ್ಲಿಂದ, ಎಷ್ಟು ಹೊತ್ತಿನಲ್ಲಿ ಬರುತ್ತಾರೆ? "ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಹೋಗಿ" ಎಂಬುದೇ ಅವರ ರಾತ್ರಿಯ ಉತ್ತರವಾಗಿದ್ದರೆ ಹಾಸ್ಪಿಸ್ ಯಾತಕ್ಕೆ? ಯಾವುದನ್ನು ತಪ್ಪಿಸಲೆಂದು ಅವರ ಬಳಿಗೆ ಹೋದೆವೋ ಅದನ್ನೇ ಅವರು ಮಾಡಿಸುತ್ತಿದ್ದಾರೆ. ಸಾಧ್ಯವಿದ್ದರೆ ಸೇರುವುದಕ್ಕೆ ಮೊದಲೇ ಒಂದು ಭಾನುವಾರ ರಾತ್ರಿ ಆ ಸಂಖ್ಯೆಗೆ ಕರೆ ಮಾಡಿ ನೋಡಿ. ತುರ್ತು ಕರೆಗೆ ಅಡ್ಡಿ ಮಾಡಬೇಡಿ, ಎರಡೇ ನಿಮಿಷ. ಎತ್ತಿದವರ ದನಿಯಲ್ಲಿಯೇ ಬಹಳಷ್ಟು ತಿಳಿಯುತ್ತದೆ.

ಇದರ ಹಿಂದೆ ಹಣದ ಲೆಕ್ಕವೂ ಇದೆ. ಅಮೆರಿಕದಲ್ಲಿ ಮೆಡಿಕೇರ್ ಎಂಬ ಸರ್ಕಾರಿ ವಿಮೆ 1980ರ ದಶಕದಿಂದ ಹಾಸ್ಪಿಸ್ ವೆಚ್ಚ ಭರಿಸುತ್ತಿದೆ. ಮನೆಯಲ್ಲಿ ಕೊಡುವ ಸಾಮಾನ್ಯ ಆರೈಕೆಗೆ ಅದು ದಿನಕ್ಕೆ ಇಷ್ಟು ಎಂದು ಪಾವತಿಸುತ್ತದೆ. ಸಾಮಾನ್ಯವಾಗಿ ಆ ದಿನ ನರ್ಸ್ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಹೋಗದಿದ್ದರೆ ಖರ್ಚು ಉಳಿಯಿತು. ಅಲ್ಲಿನ ಹಾಸ್ಪಿಸ್‌ಗಳಲ್ಲಿ ಹೆಚ್ಚಿನವು ಈಗ ಲಾಭಕ್ಕಾಗಿ ನಡೆಯುವಂಥವು ಎಂಬುದನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಲಾಭ ಮಾಡುವವರೆಲ್ಲ ಕೆಟ್ಟವರೆಂದೇನೂ ಅಲ್ಲ, ಧರ್ಮಾರ್ಥವಾಗಿ ನಡೆಯುವ ಕಡೆಗಳಲ್ಲಿಯೂ ಸೋಮಾರಿತನ ಇರುತ್ತದೆ. ಆದರೆ ದಿನಕ್ಕಿಷ್ಟು ಎಂಬ ವ್ಯವಸ್ಥೆ ಇರುವಲ್ಲೆಲ್ಲ ಭೇಟಿಗಳ ಸಂಖ್ಯೆ ಕೇಳಲೇಬೇಕು. ಈ ಅಪಾಯ ಅಲ್ಲಿನ ಸರ್ಕಾರಕ್ಕೂ ಗೊತ್ತಿರುವುದರಿಂದಲೇ, ಬದುಕಿನ ಕೊನೆಯ ಮೂರು ದಿನಗಳಲ್ಲಿ ಕನಿಷ್ಠ ಎರಡು ದಿನವಾದರೂ ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಖುದ್ದಾಗಿ ಬಂದಿದ್ದರೇ ಎಂಬುದನ್ನು ಒಂದು ಮಾನದಂಡವಾಗಿ ಲೆಕ್ಕ ಹಾಕಿ ಪ್ರಕಟಿಸುತ್ತಾರೆ. 2015ರಿಂದ ಮೃತರ ಕುಟುಂಬದವರಿಗೆ ಸಮೀಕ್ಷೆಯನ್ನೂ ಕಳುಹಿಸುತ್ತಾರೆ. ಸಂಜೆ, ವಾರಾಂತ್ಯ, ರಜಾದಿನಗಳಲ್ಲಿ ಕೇಳಿದ ಸಹಾಯ ಸಿಕ್ಕಿತೇ ಎಂದು ಅದರಲ್ಲಿ ನೇರವಾಗಿ ಕೇಳುತ್ತಾರೆ. ಇಂತಹ ಅಂಕಿಅಂಶ ಪ್ರಕಟವಾಗದ ಕಡೆ ನಾವೇ ಬಾಯಿಬಿಟ್ಟು ಕೇಳಬೇಕು: ಕಳೆದ ತಿಂಗಳು ತೀರಿಕೊಂಡ ರೋಗಿಗಳ ಮನೆಗೆ ಕೊನೆಯ ವಾರದಲ್ಲಿ ನೀವು ಎಷ್ಟು ಸಲ ಹೋಗಿದ್ದಿರಿ?

ಕಟ್ಟಡ, ತೋಟ, ಗೋಡೆಯ ಮೇಲಿನ ಪ್ರಮಾಣಪತ್ರ ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರವಾನಗಿ ಇದೆಯೇ, ಮಾರ್ಫಿನ್ ಇಟ್ಟುಕೊಳ್ಳುವ ಅಧಿಕಾರ ಇದೆಯೇ ಎಂದು ನೋಡಿದರೆ ಸಾಕು. ಮಾರ್ಫಿನ್ ಇಲ್ಲದ ಹಾಸ್ಪಿಸ್ ಬಾವಿಯಿಲ್ಲದ ಅರವಟ್ಟಿಗೆ.

ಒಳಗೆ ಹೋಗಿ ನೋಡುವ ಅವಕಾಶ ಸಿಕ್ಕರೆ ರೋಗಿಗಳ ತುಟಿಗಳನ್ನು ನೋಡಿ. ಒಡೆದು ಒಣಗಿದ್ದರೆ ಬಾಯಿಯ ಆರೈಕೆ ನಡೆಯುತ್ತಿಲ್ಲ. ಮಗ್ಗುಲು ಬದಲಿಸಿದ ಹೊತ್ತನ್ನು ಬರೆದಿಡುವ ಹಾಳೆ ಇದೆಯೇ ನೋಡಿ, ಅದರಲ್ಲಿ ಇಡೀ ದಿನದ ನಮೂದುಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಉಸಿರಿಗೆ ಬರೆದಂತಿವೆಯೇ ಎಂದೂ ನೋಡಿ. ಕರೆಗಂಟೆ ರೋಗಿಯ ಕೈಗೆ ಎಟಕುವಂತಿದೆಯೇ? ಬೆನ್ನ ಹಿಂದಿನ ಗೋಡೆಯಲ್ಲಿ ಗಂಟೆ ಇರುವ ಕೋಣೆಗಳನ್ನು ನಾನು ನೋಡಿದ್ದೇನೆ.

ಕೊನೆಯ ದಿನಗಳಲ್ಲಿ ಏನೇನಾಗುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳುವ ಸಂಸ್ಥೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಹಸಿವು ನಿಲ್ಲುತ್ತದೆ, ಒತ್ತಾಯ ಮಾಡಿ ತಿನ್ನಿಸಬಾರದು. ಕೈಕಾಲು ತಣ್ಣಗಾಗುತ್ತವೆ, ಉಸಿರು ನಡುನಡುವೆ ನಿಂತು ಮತ್ತೆ ಬರುತ್ತದೆ. ಗಂಟಲಿನಲ್ಲಿ ಗೊರಗೊರ ಸದ್ದು ಕೇಳಿಸುತ್ತದೆ. ಕೇಳುವವರಿಗೆ ಎದೆ ಝಲ್ಲೆನ್ನುತ್ತದೆ, ಆದರೆ ಅಷ್ಟು ಹೊತ್ತಿಗೆ ಎಚ್ಚರ ತಪ್ಪಿರುವ ರೋಗಿಗೆ ಅದರಿಂದ ಯಾತನೆ ಆಗುತ್ತಿರುವ ಸಾಧ್ಯತೆ ಕಡಿಮೆ, ಮಗ್ಗುಲು ಬದಲಿಸಿದರೆ ಎಷ್ಟೋ ಸಲ ತಗ್ಗುತ್ತದೆ. ಇದನ್ನು ಯಾರೂ ಹೇಳಿರದಿದ್ದರೆ ಮನೆಯವರು ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ, ರೋಗಿ ಕೊಳವೆಗಳ ನಡುವೆ ಕೊನೆಯುಸಿರೆಳೆಯುತ್ತಾರೆ. ಚಡಪಡಿಕೆಯೂ ಅಷ್ಟೇ. ರೋಗಿ ಹಾಸಿಗೆಯಲ್ಲಿ ಹೊರಳಾಡುತ್ತಾ ಬಟ್ಟೆ ಕಿತ್ತುಕೊಳ್ಳುತ್ತಿದ್ದರೆ ಅರೆಬರೆ ಕಲಿತವರು ಕೂಡಲೇ ನಿದ್ದೆಯ ಮದ್ದು ಕೊಡುತ್ತಾರೆ. ಬಲ್ಲವರು ಮೊದಲು ಹೊಟ್ಟೆಯ ಕೆಳಭಾಗ ಮುಟ್ಟಿ, ಮೂತ್ರ ಕಟ್ಟಿಕೊಂಡಿದೆಯೇ ಎಂದು ನೋಡುತ್ತಾರೆ. ಹಾಸ್ಪಿಸ್‌ನಲ್ಲಿ ವೈದ್ಯಕೀಯ ಜಾಣ್ಮೆ ಎಂದರೆ ಹೆಚ್ಚಿನ ಮಟ್ಟಿಗೆ ಇಂಥದ್ದೇ.

"ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರೆ" ಎಂಬ ಭಯ ಪ್ರತಿ ಮನೆಯಲ್ಲಿಯೂ ಇರುತ್ತದೆ. ಸರಿಯಾದ ಪ್ರಮಾಣದಲ್ಲಿ, ಹಂತಹಂತವಾಗಿ ಏರಿಸಿದ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ ಎಂಬುದನ್ನು ಅವಸರವಿಲ್ಲದೆ, ದೊಡ್ಡಪ್ಪನಿಗೂ ಅರ್ಥವಾಗುವಂತೆ ಕುಳಿತು ಹೇಳುವ ವ್ಯವಧಾನ ತಂಡಕ್ಕೆ ಇರಬೇಕು. ಅದೇ ರೀತಿ, ಹಾಸ್ಪಿಸ್‌ಗೆ ಸೇರಿಸುವುದೆಂದರೆ ಕೈಬಿಟ್ಟಂತೆ ಎನ್ನುವವರೂ ಇದ್ದಾರೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶ್ವಾಸಕೋಶದ ಮುಂದುವರಿದ ಕ್ಯಾನ್ಸರ್ ಇದ್ದ 151 ರೋಗಿಗಳ ಪೈಕಿ ಒಂದು ಗುಂಪಿಗೆ ಚಿಕಿತ್ಸೆಯ ಜೊತೆಗೇ ಆರಂಭದಿಂದ ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಯನ್ನೂ ಕೊಟ್ಟರು. ಅವರು ಕಡಿಮೆ ಖಿನ್ನರಾಗಿದ್ದರು. ಅವರಲ್ಲಿ ಬದುಕಿದ ಅವಧಿಯ ಮಧ್ಯಾಂಕ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 11.6 ತಿಂಗಳು, ಬರೀ ಚಿಕಿತ್ಸೆ ಪಡೆದವರಲ್ಲಿ 8.9. ಅದು ಹಾಸ್ಪಿಸ್‌ಗಿಂತ ಮುಂಚಿನ ಹಂತದ ಆರೈಕೆ, ನಿಜ. ಆದರೆ ನೋವು ನೋಡಿಕೊಳ್ಳುವವರನ್ನು ಬೇಗ ಕರೆದರೆ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವವರಿಗೆ ಇದನ್ನು ತೋರಿಸಬಹುದು. ಬೇಗ ವಿಚಾರಿಸಿದರೆ ಎರಡು ಮೂರು ಸಂಸ್ಥೆಗಳನ್ನು ಹೋಲಿಸಲು ಸಮಯವೂ ಸಿಗುತ್ತದೆ.

ಸಾವಿನ ನಂತರದ್ದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಮರಣ ದೃಢೀಕರಿಸಲು ರಾತ್ರಿಯಾದರೂ ಬರುತ್ತಾರೆಯೇ? ಉಳಿದ ಮಾರ್ಫಿನ್ ಮಾತ್ರೆಗಳನ್ನು ಯಾರು ಎಣಿಸಿ ವಿಲೇವಾರಿ ಮಾಡುತ್ತಾರೆ? ಅಮೆರಿಕದ ನಿಯಮದಲ್ಲಿ ಕುಟುಂಬದವರಿಗೆ ಸಾವಿನ ನಂತರ ಒಂದು ವರ್ಷದವರೆಗೆ ದುಃಖ ಸಾಂತ್ವನದ ಸೇವೆ ಕೊಡಬೇಕೆಂದಿದೆ. ಅಂತಹ ನಿಯಮ ಇಲ್ಲದ ಕಡೆಯೂ ಒಂದು ಫೋನ್ ಕರೆಯನ್ನಾದರೂ ಮಾಡುವ ಸಂಸ್ಥೆಗಳಿವೆ. ಅತ್ತೆ ತೀರಿಕೊಂಡ ಮೇಲೆ ಅತ್ತಿಗೆಗೆ ಬಂದದ್ದು ಬಾಡಿಗೆ ಮಂಚ ಯಾವಾಗ ಹಿಂದಿರುಗಿಸುತ್ತೀರಿ ಎಂಬ ಕರೆ ಮಾತ್ರ.

ಸೇರಿದ ಮೇಲೆ ಸರಿ ಕಾಣದಿದ್ದರೆ ಬದಲಿಸಬಹುದೇ ಎಂದು ಹಲವರು ಕೇಳುತ್ತಾರೆ. ಬದಲಿಸಬಹುದು. ಔಷಧಿಗಳ ಈಗಿನ ಪಟ್ಟಿ ಮತ್ತು ಪ್ರಮಾಣವನ್ನು ಬರೆಸಿಕೊಂಡು, ಹೊಸ ತಂಡ ಯಾವ ದಿನ ಬರುತ್ತದೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಹಳೆಯವರಿಗೆ ಹೇಳಿ, ನಡುವೆ ಒಂದು ರಾತ್ರಿಯೂ ಔಷಧಿ ತಪ್ಪಬಾರದು. ಹಳೆಯವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.