ಭರಣಿ ಮುಚ್ಚಳದ ಹಾಡು

ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಮುಚ್ಚಳವಾಗಿ ಇದ್ದದ್ದು ಒಂದು ಗ್ರಾಮಾಫೋನ್ ಪ್ಲೇಟು. ಹತ್ತು ಇಂಚು ಅಗಲ. ದೊಡ್ಡ ಭರಣಿಯ ಬಾಯಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ನಡುವಿನ ತೂತಿಗೆ ಬಿಳಿ ಬಟ್ಟೆಯ ಚೂರು ತುರುಕಿ, ಮೇಲೊಂದು ಹೊಳೆಗಲ್ಲು ಇಟ್ಟಿದ್ದರು. ಚಿಕ್ಕಂದಿನಿಂದ ಆ ಮನೆಯಲ್ಲಿ ಉಂಡಿದ್ದೇನೆ. ಒಳಗಿನ ಅಪ್ಪೆಮಿಡಿ ಕಡೆ ನೋಡಿದ್ದೇನೆಯೇ ಹೊರತು ಮುಚ್ಚಳದ ಕಡೆ ಯಾವತ್ತೂ ನೋಡಿರಲಿಲ್ಲ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ, ತೀರ್ಥಹಳ್ಳಿ ಹತ್ತಿರದ ಆ ಮನೆಯ ಹೆಂಚು ಸರಿ ಮಾಡಿಸುವಾಗ ಅಟ್ಟದಿಂದ ಒಂದು ಟ್ರಂಕು ಇಳಿಯಿತು. ಒಳಗೆ ಕೀಲಿ ಕೊಟ್ಟು ತಿರುಗಿಸುವ ಗ್ರಾಮಾಫೋನು, ಜೊತೆಗೆ 22 ಪ್ಲೇಟು. “ತಗೊಂಡ್ಹೋಗು ಮಾರಾಯ, ಇಲಿ ಸಂಸಾರ ಹೂಡಿದೆ” ಎಂದರು ಚಿಕ್ಕಮ್ಮ. ಹೊತ್ತು ತಂದೆ. 22 ಹೊರಟವು, 20 ಶಿವಮೊಗ್ಗ ತಲುಪಿದವು. ಮಂಡಗದ್ದೆ ಹತ್ತಿರ ಬಸ್ಸು ಒಂದು ಹೊಂಡಕ್ಕೆ ಇಳಿದು ಎದ್ದಾಗ ಕಾಲಡಿಯ ಟ್ರಂಕಿನೊಳಗೆ ಏನೋ ಪಟಪಟ ಮುರಿಯಿತು. ಪಕ್ಕದ ಸೀಟಿನ ಅಜ್ಜಿ ಕಣ್ಣರಳಿಸಿ “ಹಲಸಿನ ಹಪ್ಪಳವಾ?” ಎಂದು ಕೇಳಿದರು. ಹೂಂ ಎಂದುಬಿಟ್ಟೆ. ಅವರಿಗೆ ಎರಡು ಕೊಡಲಿಲ್ಲವೆಂದು ಗಾಜನೂರು ದಾಟುವವರೆಗೂ ಮುಖ ತಿರುಗಿಸಿಕೊಂಡೇ ಕೂತಿದ್ದರು.

ಮನೆಯಲ್ಲಿ ಟ್ರಂಕು ತೆರೆದಾಗ ಹೆಂಡತಿ, “ನೆಂಟರು ಬಂದ್ರೆ ಪ್ಲೇಟು ಸಾಲಲ್ಲ ಅಂತ ಎರಡು ವರ್ಷದಿಂದ ಹೇಳ್ತಿದೀನಿ, ತಂದಿದ್ದು ಈ ಪ್ಲೇಟಾ?” ಎಂದಳು.

ಆಷಾಢ ಬಂತು. ಗೋಡೆಗೆ, ಚಪ್ಪಲಿಗೆ, ಮದುವೆ ಆಲ್ಬಮ್ಮಿಗೆ ಬೂಷ್ಟು ಹಿಡಿಯುವ ಊರು ನಮ್ಮದು. ಪ್ಲೇಟಿಗೆ ಬಿಡುತ್ತದೆಯೇ? ಒಂದೊಂದರ ಮೇಲೂ ಬಿಳಿ ಬಿಳಿ ಚುಕ್ಕೆ. ಕೊರೊನಾ ಕಾಲದಲ್ಲಿ ತಂದ ಐದು ಲೀಟರಿನ ಸ್ಯಾನಿಟೈಸರ್ ಕ್ಯಾನು ಮೂಲೆಯಲ್ಲಿ ಸುಮ್ನೆ ಕೂತಿತ್ತು. ವೈರಾಣುವೇ ಸಾಯುವಾಗ ಬೂಷ್ಟು ಯಾವ ಲೆಕ್ಕ ಎಂದು ಬಟ್ಟೆಗೆ ಸುರಿದುಕೊಂಡು ಉಜ್ಜಿದೆ. ಬಟ್ಟೆ ಕಪ್ಪಾಯಿತು. ಅಬ್ಬಾ, ಎಷ್ಟು ವರ್ಷದ ಕೊಳೆ! ಇನ್ನೊಂದು ಬಟ್ಟೆ ತಗೊಂಡೆ. ಅದೂ ಕಪ್ಪಾಯಿತು. ಮೂರನೆಯದಕ್ಕೆ ನನ್ನದೇ ಹಳೇ ಬನಿಯನ್ನು ಬಲಿಕೊಟ್ಟೆ. ಬೆರಳು ಬೆರಳಿಗೆ ಅಂಟಿಕೊಳ್ಳತೊಡಗಿದಾಗ ಸಣ್ಣ ಅನುಮಾನ ಬಂತು. ಬೆಳಕಿಗೆ ಹಿಡಿದು ನೋಡಿದರೆ ಪ್ಲೇಟು ಅಂಗೈಯಷ್ಟು ಜಾಗದಲ್ಲಿ ಕನ್ನಡಿಯ ಹಾಗೆ ನುಣ್ಣಗಾಗಿತ್ತು. ನಾನು ಉಜ್ಜಿ ತೆಗೆದದ್ದು ಕೊಳೆಯಲ್ಲ, ಹಾಡು.

ಗಾಂಧಿ ಬಜಾರಿನ ಪಕ್ಕದ ಗಲ್ಲಿಯಲ್ಲಿ ಹಳೇ ರೇಡಿಯೋ ರಿಪೇರಿ ಮಾಡುವ ಭಾಯಿ ಒಬ್ಬರಿದ್ದಾರೆ. ಅವರ ಹತ್ತಿರ ಒಯ್ದೆ. ಪ್ಲೇಟನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ನನ್ನನ್ನು ನೋಡಿದರು. ಡಾಕ್ಟರು ರೋಗಿಯ ಕಡೆಯವರನ್ನು ನೋಡುತ್ತಾರಲ್ಲ, ಹಾಗೆ.

“ಸ್ಪಿರಿಟ್ ಹಾಕಿದ್ರಾ ಸಾರ್?”

“ಸ್ಯಾನಿಟೈಸರ್.”

“ಎರಡೂ ಒಂದೇ. ಇದು ಅರಗು ಸಾರ್. ಬಡಗಿಗಳು ಮರಕ್ಕೆ ಪಾಲಿಶ್ ಹೇಗೆ ಮಾಡ್ತಾರೆ? ಅರಗನ್ನ ಸ್ಪಿರಿಟ್‌ನಲ್ಲಿ ಕರಗಿಸಿ. ನೀವು ಪ್ಲೇಟ್ ತೊಳೆದಿಲ್ಲ. ಪಾಲಿಶ್ ತಯಾರು ಮಾಡಿದೀರಿ.”

ಅರಗಿನ ಮನೆಯಿಂದ ಪಾಂಡವರಾದರೂ ಸುರಂಗದಲ್ಲಿ ನುಸುಳಿ ಪಾರಾದರು. ನನ್ನ ಪ್ಲೇಟಿಗೆ ಆ ಅವಕಾಶವೂ ಇರಲಿಲ್ಲ. ಮರದ ಮೇಲೆ ಒಂದು ಸಣ್ಣ ಹುಳ ಬಿಡುವ ಅಂಟೇ ಅರಗು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಸೇರಿಸಿ ಬಿಸಿಯಲ್ಲಿ ಒತ್ತಿ ಪ್ಲೇಟು ಮಾಡುತ್ತಿದ್ದರಂತೆ. ಒಂದು ಮುಖಕ್ಕೆ ಮೂರು, ಮೂರೂವರೆ ನಿಮಿಷದ ಹಾಡು. ಉಗುರು ಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆ ಬಟ್ಟೆ, ನಡುವಿನ ಕಾಗದಕ್ಕೆ ನೀರು ತಾಗಬಾರದು. ತೊಳೆಯುವುದಕ್ಕೆ ಅಷ್ಟು ಸಾಕು ಎಂದರು ಭಾಯಿ. ಅದನ್ನು ಚಾಚೂ ತಪ್ಪದೆ ಮಾಡಿದೆ. ಒಣಗಿಸುವುದರ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಹೊರಗೆ ಧೋ ಎಂದು ಮಳೆ. ಬಟ್ಟೆ ಒಣಗುವ ಜಾಗದಲ್ಲೇ, ಬಚ್ಚಲ ಒಲೆಯ ಮೇಲಿನ ಗಳಕ್ಕೆ ಒರಗಿಸಿ ಒಂದನ್ನು ಇಟ್ಟೆ. ಬೆಳಿಗ್ಗೆ ಅದು ಮುತ್ತುಗದ ದೊನ್ನೆಯಾಗಿತ್ತು.

ಉಳಿದದ್ದು 18. “ಭಾನುವಾರ ಬನ್ನಿ, ನಮ್ಮವರಿಗೆ ಪರಿಚಯ ಮಾಡಿಸ್ತೀನಿ. ಇನ್ನು ನೀವೊಬ್ಬರೇ ಏನೂ ಮಾಡ್ಬೇಡಿ” ಎಂದರು ಭಾಯಿ.

ನಮ್ಮವರು ಎಂದರೆ ಮೂರು ಜನ. ಭಾಯಿ, ರಿಟೈರಾದ ಒಬ್ಬ ಹೈಸ್ಕೂಲ್ ಮೇಷ್ಟ್ರು, ಮತ್ತೆ ಅಡಿಕೆ ಮಂಡಿಯ ಗೌಡರು. ಗೊತ್ತಿರುವುದನ್ನು ಧಾರಾಳವಾಗಿ ಹಂಚಿಕೊಳ್ಳುತ್ತಾರೆ. ಪ್ಲೇಟನ್ನು ಮಾತ್ರ ಮುಟ್ಟಲೂ ಬಿಡುವುದಿಲ್ಲ. ಇನ್ನೊಂದು ವಿಚಿತ್ರ, ಹಾಡು ಕೇಳುವುದು ಬಹಳ ಕಡಿಮೆ. ಹಾಕಿದರೆ ಸವೆಯುತ್ತದಲ್ಲ. ಎರಡು ಗಂಟೆ ಲೇಬಲ್ಲಿನ ಬಣ್ಣ ಕೆಂಪೋ ಪ್ಲಮ್ಮೋ ಎಂದು ಜಗಳವಾಡಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ.

ಮೊದಲ ದಿನ ನಾನೂ ಹಳೇ ಹಾಡು ಕೇಳಿದವನೇ ಎಂದು ತೋರಿಸಿಕೊಳ್ಳಲು, ನಮ್ಮನೆಯಲ್ಲಿ 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟು ಇನ್ನೂ ಇದೆ ಎಂದೆ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, “ಅದು ಮೊನ್ನೆ ಮೊನ್ನೆದು” ಎಂದರು. ಕಾಳಿಂಗರಾಯರ ಪ್ಲೇಟುಗಳಿಂದ ಈಚೆಗೆ ಬಂದದ್ದೆಲ್ಲ ಅವರ ಲೆಕ್ಕದಲ್ಲಿ ಎಳಸು.

ಎರಡನೇ ವಾರ ಮುಳ್ಳಿನ ಪಾಠ. ಟ್ರಂಕಿನಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತ್ತು, ತುಂಬ ಸಣ್ಣ ಸಣ್ಣ ಉಕ್ಕಿನ ಮುಳ್ಳು. ನಾನು ಒಂದೇ ಮುಳ್ಳಿನಲ್ಲಿ ಆರು ಪ್ಲೇಟು ಬಾರಿಸಿದ್ದೆ. ಜಿಪುಣತನ ಅಲ್ಲ, ಮುಗಿದರೆ ಎಲ್ಲಿ ಸಿಗುತ್ತದೆ ಎಂಬ ದೂರದೃಷ್ಟಿ. ಗೌಡರು ತಲೆ ಮೇಲೆ ಕೈ ಇಟ್ಟುಕೊಂಡರು. ಒಂದು ಮುಖಕ್ಕೆ ಒಂದು ಮುಳ್ಳು, ಆಮೇಲೆ ಬಿಸಾಡಬೇಕಂತೆ. ಪ್ಲೇಟಿನಲ್ಲಿರುವ ಕಲ್ಲಿನ ಪುಡಿ ಮೊದಲ ಕೆಲವು ಸುತ್ತಿನಲ್ಲೇ ಮುಳ್ಳನ್ನು ಅರೆದು ಹಾಡಿನ ಗೆರೆಗೆ ಸರಿಯಾಗಿ ಕೂರಿಸುತ್ತದೆ. ಅರೆದ ಮುಳ್ಳನ್ನೇ ಮತ್ತೆ ಇಟ್ಟರೆ ಅದು ಗೆರೆಯನ್ನು ಅರೆಯಲು ಶುರು ಮಾಡುತ್ತದೆ. ಮಾವನ ಮನೆಯಲ್ಲಿ ಹಳಬನಾದ ಅಳಿಯನ ಹಾಗೆ ಎಂದು ನನಗೆ ಅರ್ಥವಾಯಿತು.

ಮೂರನೇ ವಾರದ ಕಥೆ ಹೇಳಲು ಈಗಲೂ ನಾಚಿಕೆ. ನನ್ನ ಒಂದು ಪ್ಲೇಟಿನ ಲೇಬಲ್ಲನ್ನು ಇಲಿ ಅರ್ಧ ತಿಂದಿತ್ತು. ಉಳಿದ ಅರ್ಧದಲ್ಲಿ ‘ಗೋಹರ್’ ಎಂದಿತ್ತು. ನನಗೆ ಗೊತ್ತಿದ್ದ ಗೋಹರ್ ಒಬ್ಬರೇ, ಕಲ್ಕತ್ತೆಯ ಹೆಸರಾಂತ ಗಾಯಕಿ ಗೋಹರ್ ಜಾನ್. ಸೀದಾ ಮೂರು ಜನ ನೆಂಟರಿಗೆ ಫೋನ್ ಮಾಡಿ, ಲಕ್ಷಗಟ್ಟಲೆ ಬೆಲೆಯ ಪ್ಲೇಟು ಸಿಕ್ಕಿದೆ ಎಂದು ಹೇಳಿಯೂ ಬಿಟ್ಟೆ. ಒಬ್ಬರು ಅದೇ ಸಂಜೆ ಹಳೇ ಸಾಲ ನೆನಪಿಸಿದರು.

ಮೇಷ್ಟ್ರು ಪ್ಲೇಟು ನೋಡುವ ಮೊದಲೇ ಪಾಠ ತೆಗೆದುಕೊಂಡರು. 1902ರ ನವೆಂಬರಿನಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎನ್ನುವವನು ಕಲ್ಕತ್ತೆಗೆ ಬಂದು ಗೋಹರ್ ಜಾನ್ ಹಾಡು ತುಂಬಿಕೊಂಡ. ಮೈಕಿಲ್ಲ. ತಗಡಿನ ಕೊಳವೆಯ ಬಾಯಿಗೆ ಮುಖ ಇಟ್ಟು ಗಟ್ಟಿಯಾಗಿ ಹಾಡಬೇಕು. ಮೈಕಿನ ಕಾಲ ಶುರುವಾದದ್ದು 1925ರಲ್ಲಿ. ಹಾಡು ಮುಗಿದ ಕೂಡಲೇ ಆಕೆ ‘ಮೈ ನೇಮ್ ಈಸ್ ಗೋಹರ್ ಜಾನ್’ ಎನ್ನುತ್ತಿದ್ದಳು. ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ಗೊತ್ತಾಗಬೇಕಲ್ಲ. ಕೊನೆಗಾಲಕ್ಕೆ ಆಕೆ ನಾಲ್ವಡಿಯವರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

“ಮೈಸೂರಿಂದ ತೀರ್ಥಹಳ್ಳಿಗೆ ಪ್ಲೇಟು ಬಂದಿರಬಹುದಲ್ವಾ ಮೇಷ್ಟ್ರೇ?” ಎಂದೆ ಆಸೆಯಿಂದ.

“ಹಾಕಿ ನೋಡೋಣ.”

ಹೊಸ ಮುಳ್ಳು ಹಾಕಿ ಇಟ್ಟರು. ಹಾಡು ಮುಗಿಯಿತು. ಯಾರೂ ಹೆಸರು ಹೇಳಲಿಲ್ಲ. ಮೇಷ್ಟ್ರು ಶಾಂತವಾಗಿ, “ಇದು ಗೋಹರ್‌ಬಾಯಿ ಕರ್ನಾಟಕಿ. ಬೀಳಗಿಯವರು. ಹಿಂದಿ ಸಿನಿಮಾದ ಗಾಯಕಿ ಅಮೀರ್‌ಬಾಯಿಯವರ ಸೋದರಿ. ಬಾಲಗಂಧರ್ವರ ಜೊತೆ ಮರಾಠಿ ನಾಟಕದಲ್ಲಿ ಇದ್ದರಲ್ಲ, ಅವರು” ಎಂದರು. ಅದೂ ಒಳ್ಳೆಯ ಪ್ಲೇಟೇ, ಕಡಿಮೆಯೇನಲ್ಲ ಎಂದು ಸಮಾಧಾನವನ್ನೂ ಮಾಡಿದರು. ಆದರೆ ಮೂರು ಜನ ನೆಂಟರಿಗೆ ಮತ್ತೆ ಫೋನ್ ಮಾಡುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ನಮ್ಮ ಪೈಕಿ ನಿಜವಾದ ಶ್ರೀಮಂತರು ಗೌಡರು. ಅವರ ಹತ್ತಿರ ಇಂಗ್ಲೆಂಡಿನ ಹಾಡುಗಾರರ ತಂಡ ಬೀಟಲ್ಸ್‌ನವರ ಒಂದು 78ರ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟು ಇದೆ. ಇಂಗ್ಲೆಂಡಿನಲ್ಲಿ 1960ರ ಹೊತ್ತಿಗೆ ಇಂಥ ಪ್ಲೇಟಿನ ಕಾಲ ಮುಗಿದಿತ್ತು. ಬೀಟಲ್ಸ್‌ನವರ ಮೊದಲ ಹಾಡು 1962ರಲ್ಲಿ ಬಂದಾಗ 45 ಸುತ್ತಿನ ಚಿಕ್ಕ ಪ್ಲೇಟಿನಲ್ಲೇ ಬಂತು. ನಮ್ಮಲ್ಲಿ ಕರೆಂಟಿಲ್ಲದ ಮನೆ ಎಷ್ಟು, ಕೀಲಿ ಗ್ರಾಮಾಫೋನು ಎಷ್ಟು! ಹಾಗಾಗಿ ಕಲ್ಕತ್ತೆಯ ಡಮ್‌ಡಮ್ ಫ್ಯಾಕ್ಟರಿಯಲ್ಲಿ ಅದೇ ಹುಡುಗರ ಹಾಡನ್ನು ಅರಗಿನ ಮೇಲೆ ಒತ್ತಿದರು. ಈಗ ಹೊರದೇಶದವರು ಅದಕ್ಕೆ ಬಾಯಿ ಬಾಯಿ ಬಿಡುತ್ತಾರೆ. ಗೌಡರು ಅದನ್ನು ಮಂಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಅಡಿಕೆ ಲೆಕ್ಕದ ಪುಸ್ತಕದ ಕೆಳಗೆ ಇಟ್ಟಿದ್ದಾರೆ. ಹೇಗಿದೆ ಹಾಡು ಎಂದು ಕೇಳಿದೆ. “ಕೇಳಿಲ್ಲ ಮಾರಾಯ್ರೆ” ಎಂದರು. ಅಡಿಕೆ ರೇಟು ಬಿದ್ದ ದಿನ ಪೆಟ್ಟಿಗೆ ತೆಗೆದು ಒಮ್ಮೆ ನೋಡುತ್ತಾರಂತೆ, ಅಷ್ಟೇ.

ಇಂಥವರ ಮುಂದೆ ಬಾಯಿ ತಪ್ಪಿ ಭರಣಿಯ ವಿಷಯ ಹೇಳಿಬಿಟ್ಟೆ. ಮೇಷ್ಟ್ರಿಗೆ ಪತ್ರೊಡೆ ಗಂಟಲಲ್ಲಿ ಸಿಕ್ಕಿಕೊಂಡಿತು. “ಉಪ್ಪಿನಕಾಯಿಗಾ? ಎಷ್ಟು ವರ್ಷದಿಂದ?”

ಕಣ್ಣು ತೋರಿಸಿಕೊಳ್ಳಲು ಚಿಕ್ಕಮ್ಮ ಶಿವಮೊಗ್ಗಕ್ಕೆ ಬರುವವರಿದ್ದರು. ಕಾಲು ಹಿಡಿದು ಕೇಳಿದ ಮೇಲೆ ಮುಚ್ಚಳ ತಂದರು. ಬದಲಿಗೆ ಭರಣಿಗೆ ಸ್ಟೀಲಿನ ತಟ್ಟೆ ಮುಚ್ಚಿ ಬಂದಿದ್ದೇನೆ, ಅದು ಅಲ್ಲಾಡುತ್ತದೆ, ಬೇಗ ವಾಪಸ್ ಕೊಡು ಎಂದು ಷರತ್ತು. ಭಾನುವಾರ ಮೂವರೂ ನಮ್ಮನೆಗೇ ಬಂದರು. ಉಪ್ಪುನೀರಿಗೆ ಲೇಬಲ್ಲು ಎಂದೋ ಕರಗಿಹೋಗಿತ್ತು. ಲೇಬಲ್ಲಿಗೂ ಹಾಡಿನ ಗೆರೆಗೂ ನಡುವೆ, ಅರಗಿನಲ್ಲೇ ಒತ್ತಿದ ನಂಬರು ಮಾತ್ರ ಇತ್ತು. ಮೇಷ್ಟ್ರು ಭೂತಗನ್ನಡಿ ಹಿಡಿದು ಓದಿ, ತಮ್ಮ ದಪ್ಪ ನೋಟ್‌ಬುಕ್ಕಿನಲ್ಲಿ ನಲವತ್ತು ನಿಮಿಷ ಹುಡುಕಿದರು. ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೆ ಅವರ ಮುಖ ಲಾಟರಿ ಹೊಡೆದವರ ಹಾಗೆ ಅರಳಿತು. ಹೊಸ ಸಾಲಿನಲ್ಲಿ ನಂಬರು ಬರೆದು, ಸ್ಥಿತಿ ಎನ್ನುವ ಕಾಲಮ್ಮಿನಲ್ಲಿ ‘ಸಾಧಾರಣ, ಅಪ್ಪೆಮಿಡಿ ವಾಸನೆ’ ಎಂದು ದಾಖಲಿಸಿದರು.

ಕೀಲಿ ಕೊಟ್ಟು ಮುಳ್ಳು ಇಳಿಸಿದರು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು. ಅದರ ಹಿಂದಿನಿಂದ ಹಾರ್ಮೋನಿಯಂ, ತಬಲ, ಒಂದು ಹೆಣ್ಣು ದನಿ. ಕನ್ನಡವೇ. ಯಾವುದೋ ನಾಟಕದ ಕಂಪನಿಯದು ಎಂದರು ಗೌಡರು. ಅಲ್ಲ, ಭಾವಗೀತೆ ಎಂದರು ಮೇಷ್ಟ್ರು. ಅಷ್ಟರಲ್ಲಿ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದ ಚಿಕ್ಕಮ್ಮ ಜೊತೆಗೆ ಹಾಡಲು ಶುರು ಮಾಡಿದರು. ಒಂದಕ್ಷರ ತಪ್ಪಿಲ್ಲ. ಹಾಡು ‘ಬಾರೋ’ ಎನ್ನುವಲ್ಲಿಗೆ ಬಂದಾಗ ಮುಳ್ಳು ಒಂದು ಗೀರಿಗೆ ಸಿಕ್ಕಿಕೊಂಡಿತು. ಬಾರೋ, ಬಾ… ಭಾಯಿ ನುರಿತ ಕೈಯವರು. ಒಂದು ಬೆರಳಲ್ಲಿ ಮುಳ್ಳು ಹಿಡಿದ ತೋಳನ್ನು ಮೆಲ್ಲಗೆ ನೂಕಿದರು. ಹಾಡು ಮುಂದೆ ಹೋಯಿತು.

ಚಿಕ್ಕಮ್ಮ ಹಾಡು ನಿಲ್ಲಿಸಿದರು. “ಎಂಥಕ್ಕೆ ನೂಕಿದ್ರಿ? ಮೂರು ಸಲ ಬಾರೋ ಇದೆ ಅಲ್ಲಿ.”

“ಅದು ಗೀರು ಅಮ್ಮಾ.”

“ಎಂಥ ಗೀರು? ಶಾಲೇಲಿ ಹಾಗೇ ಹಾಡಿ ಎರಡನೇ ಬಹುಮಾನ ತಗೊಂಡವಳು ನಾನು!”

ಅವರ ಅಪ್ಪಯ್ಯ ಮೂರು ಬಾರೋ ಆಗುವವರೆಗೆ ಕಾದು, ಆಮೇಲೆ ತೋಳು ನೂಕುತ್ತಿದ್ದರಂತೆ. ಹಾಡು ಇರುವುದೇ ಹಾಗೆ ಎಂದು ಇಡೀ ಮನೆ ಕಲಿತಿದೆ. ಅವರ ತಂಗಿಯರು, ಮಕ್ಕಳು ಎಲ್ಲರೂ ಆರತಿ ಶಾಸ್ತ್ರದಲ್ಲಿ ಮೂರು ಬಾರೋ ಹೇಳುತ್ತಾರೆ. ಯೋಚಿಸಿದರೆ ನನಗೂ ನೆನಪಿದೆ, ನನ್ನ ಮದುವೆಯಲ್ಲೂ ಹೇಳಿದ್ದಾರೆ.

“ಮೊದಲಿಂದ ಹಾಕಿ. ಈ ಸಲ ಕೈ ತೆಗೀರಿ” ಎಂದರು ಚಿಕ್ಕಮ್ಮ.

ಭಾಯಿ ಹೊಸ ಮುಳ್ಳು ಹಾಕಿ, ಕೈ ಕಟ್ಟಿಕೊಂಡು ನಿಂತರು. ಬಾರೋ, ಬಾರೋ, ಬಾರೋ. ನಾಲ್ಕನೆಯದಕ್ಕೆ ನೂಕುವವರು ಯಾರೂ ಇರಲಿಲ್ಲ. ಐದು, ಆರು. ಚಿಕ್ಕಮ್ಮ ತೊಡೆ ತಟ್ಟುತ್ತಾ ಪ್ಲೇಟಿನ ಜೊತೆಗೇ ಕರೆಯುತ್ತಿದ್ದರು. ಗೆರೆ ಸವೆಯುತ್ತದೆ ಎಂದು ಮೇಷ್ಟ್ರು ಕೈ ಕೈ ಹಿಸುಕಿಕೊಳ್ಳುತ್ತಿದ್ದರು, ಆದರೆ ಅವರೂ ಏಳಲಿಲ್ಲ. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಳು. ಕೀಲಿ ಇಳಿಯತೊಡಗಿತು. ಹೆಣ್ಣು ದನಿ ನಿಧಾನವಾಗಿ ಗಂಡು ದನಿಯಾಯಿತು, ಆಮೇಲೆ ಎಮ್ಮೆಯ ದನಿಯಾಯಿತು. ಚಿಕ್ಕಮ್ಮನೂ ಬಿಡದೆ ದನಿ ಇಳಿಸುತ್ತಾ ಹೋದರು. ಬಾ… ರೋ… ಎಂದು ಪ್ಲೇಟು ನಿಂತಿತು.

“ಸರಿ, ಮುಚ್ಚಳ ಕೊಡಿ. ಮಿಡಿಗೆ ಗಾಳಿ ಹೋಗತ್ತೆ” ಎಂದರು ಚಿಕ್ಕಮ್ಮ.